ಕಿರುತಳಿಯ ನಾಯಿಮರಿಯ ನಿಶ್ಶಕ್ತಿ: ಶರೀರಕ್ರಿಯೆಯ ದೃಷ್ಟಿಯಿಂದ ಒಂದು ವಿವೇಚನೆ

ಮನೆಯಲ್ಲಿ ಸಾಕಿದ ಕಿರುತಳಿಯ ನಾಯಿಮರಿಯೊಂದು ಆಟವಾಡದೆ, ಕರೆದರೆ ಬಾರದೆ, ಮೂಲೆಯಲ್ಲಿ ಮುದುರಿ ಮಲಗಿದ್ದರೆ ನೋಡಿದವರು ಸಾಮಾನ್ಯವಾಗಿ ಎರಡು ಬಗೆಯ ಸಮಾಧಾನವನ್ನು ತಂದುಕೊಳ್ಳುತ್ತಾರೆ. ಮರಿ ಸ್ವಭಾವದಿಂದಲೇ ಸಾಧು ಎಂಬುದು ಒಂದು. ಎಳೆಯ ಪ್ರಾಣಿಗೆ ನಿದ್ರೆ ಹೆಚ್ಚು ಎಂಬುದು ಇನ್ನೊಂದು. ಇವೆರಡೂ ಕೆಲವು ವೇಳೆ ನಿಜವಾಗಿರಬಹುದು. ಆದರೆ ಮೂರನೆಯ ಕಾರಣವೊಂದುಂಟು: ಆ ಪುಟ್ಟ ದೇಹದಲ್ಲಿ ಉರಿಯಬೇಕಾದ ಇಂಧನವೇ ಮುಗಿದಿರುವುದು. ಮೊದಲ ಎರಡರಲ್ಲಿ ನಾವು ಏನನ್ನೂ ಮಾಡಬೇಕಾಗಿಲ್ಲ. ಮೂರನೆಯದರಲ್ಲಿ ಕೆಲವೇ ಗಂಟೆಗಳ ಅಲಕ್ಷ್ಯದಿಂದ ಮರಿ ಸಾಯುವ ಸಂಭವವಿದೆ. ಈ ವ್ಯತ್ಯಾಸವನ್ನು ಗುರುತಿಸುವುದು ಹೇಗೆ, ಅದರ ಹಿಂದಿರುವ ಶರೀರಧರ್ಮವೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಚಿವಾವಾ, ಪೊಮರೇನಿಯನ್, ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್ ಮೊದಲಾದವು ಕಿರುತಳಿಗಳು. ನಮ್ಮ ಮುಧೋಳದ ಬೇಟೆನಾಯಿ ಬೆಳೆದು ನಿಂತಾಗ ಇಪ್ಪತ್ತು ಕಿಲೋಗ್ರಾಂ ಮೀರುತ್ತದೆ. ಇವುಗಳಲ್ಲಿ ಹಲವು ಪೂರ್ಣ ಬೆಳೆದರೂ ಮೂರು ಕಿಲೋಗ್ರಾಂ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಎರಡು ತಿಂಗಳ ಮರಿ ಒಂದು ಕಿಲೋಗ್ರಾಂ ಸಹ ತೂಗದಿರುವುದು ವಿರಳವಲ್ಲ. ಗಾತ್ರದ ಈ ಅಲ್ಪತೆಯೇ ಎಲ್ಲ ತೊಂದರೆಗೂ ಮೂಲ.

ಗಾತ್ರಕ್ಕೂ ದೇಹದ ಉಷ್ಣವ್ಯಯಕ್ಕೂ ಇರುವ ಸಂಬಂಧವನ್ನು ಜರ್ಮನ್ ಶರೀರವಿಜ್ಞಾನಿ ಮ್ಯಾಕ್ಸ್ ರೂಬ್ನರ್ ೧೮೮೩ರಲ್ಲಿ ನಾಯಿಗಳನ್ನೇ ಇಟ್ಟುಕೊಂಡು ತೋರಿಸಿದನು. ಸುಮಾರು ೩೧ ಕಿಲೋಗ್ರಾಂ ತೂಕದ ನಾಯಿ ದಿನವೊಂದಕ್ಕೆ ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು ೩೬ ಕಿಲೋಕ್ಯಾಲೊರಿ ಶಾಖವನ್ನು ಹೊರಗೆಡವಿದರೆ, ಸುಮಾರು ೩ ಕಿಲೋಗ್ರಾಂ ತೂಕದ ನಾಯಿ ೮೮ ಕಿಲೋಕ್ಯಾಲೊರಿಯಷ್ಟನ್ನು ಹೊರಗೆಡವುತ್ತಿತ್ತು. ದೇಹ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದಲ್ಲಿ ಹೊರಮೈಯ ವಿಸ್ತೀರ್ಣ ಹೆಚ್ಚು. ಆದುದರಿಂದ ಶಾಖನಷ್ಟವೂ ಹೆಚ್ಚು. ಮುಂದೆ ೧೯೩೨ರಲ್ಲಿ ಮ್ಯಾಕ್ಸ್ ಕ್ಲೈಬರ್ ಈ ನಿಯಮವನ್ನು ಪರಿಷ್ಕರಿಸಿ, ವಿಶ್ರಾಂತಿಯಲ್ಲಿನ ಶಕ್ತಿವ್ಯಯವು ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುತ್ತದೆಂದು ಸೂಚಿಸಿದನು. ಇದರಂತೆ ಲೆಕ್ಕ ಹಾಕಿದರೆ, ಒಂದು ಕಿಲೋಗ್ರಾಂ ತೂಕದ ನಾಯಿಗೆ ಸುಮ್ಮನೆ ಬಿದ್ದಿರುವುದಕ್ಕೇ ದಿನಕ್ಕೆ ಸುಮಾರು ೭೦ ಕಿಲೋಕ್ಯಾಲೊರಿ ಬೇಕು. ಬೆಳೆಯುವ ಎಳೆಮರಿಗೆ ಇದರ ಮೂರು ಪಟ್ಟು, ಎಂದರೆ ೨೧೦ ಕಿಲೋಕ್ಯಾಲೊರಿಯಷ್ಟು ಬೇಕಾಗುತ್ತದೆ.

ವ್ಯಯ ಹೀಗಾದರೆ ಸಂಗ್ರಹದ ಸ್ಥಿತಿಯೇನು? ಊಟಕ್ಕೂ ಊಟಕ್ಕೂ ನಡುವೆ ರಕ್ತದಲ್ಲಿನ ಗ್ಲೂಕೋಸನ್ನು ಸಮನಾಗಿಡುವ ಭಾರ ಮುಖ್ಯವಾಗಿ ಯಕೃತ್ತಿನದು. ೧೯೨೦ರ ದಶಕದ ಆದಿಯಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಫ್ರಾಂಕ್ ಮ್ಯಾನ್ ಮತ್ತು ಥಾಮಸ್ ಮ್ಯಾಗತ್ ಎಂಬುವರು ನಾಯಿಗಳ ಯಕೃತ್ತನ್ನು ತೆಗೆದು ಪರಿಣಾಮವನ್ನು ನೋಡಿದರು. ಕೆಲವು ಗಂಟೆಗಳ ಕಾಲ ಪ್ರಾಣಿ ಎಂದಿನಂತೆಯೇ ಇರುತ್ತಿತ್ತು. ಅನಂತರ ನಿಶ್ಶಕ್ತಿಯಿಂದ ಕುಸಿದು, ಸೆಳವಿಗೆ ತುತ್ತಾಗುತ್ತಿತ್ತು. ಆಗ ರಕ್ತನಾಳಕ್ಕೆ ಗ್ಲೂಕೋಸ್ ಸೇರಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಚೇತರಿಸಿಕೊಂಡು ಎದ್ದು ನಿಲ್ಲುತ್ತಿತ್ತು. ಕಿರುತಳಿಯ ಎಳೆಮರಿಗೆ ಯಕೃತ್ತು ಇದ್ದರೂ ಅದರಲ್ಲಿರುವ ಗ್ಲೈಕೋಜನ್ ಸಂಗ್ರಹ ಅತ್ಯಲ್ಪ. ಸ್ನಾಯುವೂ ಕಡಿಮೆ, ಕೊಬ್ಬೂ ಕಡಿಮೆ. ಇತರ ದ್ರವ್ಯಗಳಿಂದ ಗ್ಲೂಕೋಸನ್ನು ತಯಾರಿಸಿಕೊಳ್ಳುವ ಸಾಮರ್ಥ್ಯವೂ ಇನ್ನೂ ಬಲಿತಿಲ್ಲ. ಅದೇ ವೇಳೆಗೆ ದೇಹಕ್ಕೆ ಹೋಲಿಸಿದರೆ ಮೆದುಳು ದೊಡ್ಡದು. ಮೆದುಳಿಗೋ ಗ್ಲೂಕೋಸೇ ಮುಖ್ಯ ಆಹಾರ. ಹೀಗೆ ಖರ್ಚು ಬಹಳವಾಗಿ ಕಣಜ ಕಿರಿದಾದ ಸಂಸಾರದಂತೆ, ಒಂದು ಹೊತ್ತಿನ ಊಟ ತಪ್ಪಿದರೂ ಮರಿ ಕಷ್ಟಕ್ಕೆ ಸಿಲುಕುತ್ತದೆ.

ಹುಟ್ಟಿದ ಮೊದಲ ವಾರಗಳಲ್ಲಿ ಈ ಕಷ್ಟಕ್ಕೆ ಚಳಿಯೂ ಸೇರುತ್ತದೆ. ಬೆಳೆದ ನಾಯಿಯ ಮೈಶಾಖ ೩೮ರಿಂದ ೩೯ ಡಿಗ್ರಿ ಸೆಂಟಿಗ್ರೇಡ್. ಮೊದಲ ವಾರದ ಮರಿಯದು ೩೫ರಿಂದ ೩೭ ಮಾತ್ರ. ಈ ವಯಸ್ಸಿನಲ್ಲಿ ಮರಿಗೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಬಂದಿರುವುದಿಲ್ಲ. ತಾಯಿಯ ಮಗ್ಗುಲೇ ಅದರ ಒಲೆ. ತಾಯಿಯಿಲ್ಲದಿದ್ದಲ್ಲಿ ಮರಿ ಮಲಗುವ ತಾಣವನ್ನು ಮೊದಲ ವಾರದಲ್ಲಿ ೨೯ರಿಂದ ೩೨ ಡಿಗ್ರಿಯಷ್ಟು ಬೆಚ್ಚಗಿಟ್ಟು, ಅನಂತರ ಕ್ರಮವಾಗಿ ಇಳಿಸತಕ್ಕದ್ದು. ಮೈಶಾಖ ೩೪ ಡಿಗ್ರಿಯ ಸುಮಾರಿಗೆ ಇಳಿದಾಗ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ, ಇಲ್ಲವೆ ಶ್ವಾಸನಾಳಕ್ಕೆ ನುಗ್ಗುತ್ತದೆ. ತಣ್ಣಗಾದ ಮರಿಗೆ ಮರುಕದಿಂದ ಹಾಲು ಹುಯ್ಯುವವರು ತಿಳಿಯದೆ ಅದರ ಸಾವನ್ನು ಹತ್ತಿರ ತರುತ್ತಾರೆ. ಬಿಸುಪು ಮೊದಲು, ಆಹಾರ ಆಮೇಲೆ ಎಂಬುದು ಇಲ್ಲಿಯ ಮೂಲಸೂತ್ರ.

ಹಾಲು ಬಿಟ್ಟ ಬಳಿಕ, ವಿಶೇಷವಾಗಿ ಆರರಿಂದ ಹನ್ನೆರಡು ವಾರಗಳ ವಯಸ್ಸಿನಲ್ಲಿ, ರಕ್ತದ ಸಕ್ಕರೆ ಕುಸಿಯುವ ಅಪಾಯ ಕಿರುತಳಿಯ ಮರಿಗಳಲ್ಲಿ ಪ್ರಬಲವಾಗಿರುತ್ತದೆ. ಮರಿ ಹೊಸ ಮನೆಗೆ ಬರುವುದೂ ಬಹುತೇಕ ಇದೇ ವಯಸ್ಸಿನಲ್ಲಿ. ದೂರದ ಪ್ರಯಾಣ, ಅಪರಿಚಿತ ಆಹಾರ, ಒಡಹುಟ್ಟಿದವುಗಳಿಂದ ಅಗಲಿಕೆ, ರಾತ್ರಿಯ ಚಳಿ, ಮಕ್ಕಳು ಬಿಡುವಿಲ್ಲದೆ ಎತ್ತಿ ಆಡಿಸುವುದು ಇವೆಲ್ಲವೂ ಒಟ್ಟಿಗೆ ಬಂದೊದಗುತ್ತವೆ. ನಾಯಿಯ ರಕ್ತದಲ್ಲಿ ೧೦೦ ಮಿಲಿಲೀಟರಿಗೆ ಸುಮಾರು ೭೦ರಿಂದ ೧೨೦ ಮಿಲಿಗ್ರಾಂ ಗ್ಲೂಕೋಸ್ ಇರುವುದು ಸಹಜ. ಅದು ೬೦ಕ್ಕಿಂತ ಇಳಿದರೆ ಕೊರತೆಯೆಂದೂ, ೫೦ಕ್ಕಿಂತ ಇಳಿದರೆ ಲಕ್ಷಣಗಳು ತೋರುವ ಸಂಭವ ಹೆಚ್ಚೆಂದೂ ಎಣಿಸುತ್ತಾರೆ.

ಇನ್ನು ನಿದ್ರೆಗೂ ನಿಶ್ಶಕ್ತಿಗೂ ಇರುವ ಭೇದ. ಆರೋಗ್ಯವಂತ ಎಳೆಮರಿ ದಿನದಲ್ಲಿ ಹದಿನೆಂಟು ಗಂಟೆಗೂ ಮಿಗಿಲಾಗಿ ನಿದ್ರಿಸುವುದುಂಟು. ಆದರೆ ಅದನ್ನು ಎಬ್ಬಿಸಿದರೆ ಕಣ್ಣು ಬಿಟ್ಟು, ಮೈಮುರಿದು, ಆಹಾರದ ವಾಸನೆಗೆ ಮೂಗರಳಿಸಿ ಎದ್ದು ಬರುತ್ತದೆ. ಅದರ ಮೈ ಬೆಚ್ಚಗಿರುತ್ತದೆ, ವಸಡು ತಿಳಿಗೆಂಪಾಗಿ ಒದ್ದೆಯಾಗಿರುತ್ತದೆ. ನಿಶ್ಶಕ್ತವಾದ ಮರಿ ಎಬ್ಬಿಸಿದರೂ ತಲೆ ಎತ್ತಲಾರದು, ಆಹಾರವನ್ನು ಮೂಸದು, ನಿಲ್ಲಿಸಿದರೆ ತೂರಾಡುವುದು. ಕಿವಿ, ಪಾದಗಳು ತಣ್ಣಗಿರುವುವು. ನೋಟ ಎಲ್ಲೋ ನೆಟ್ಟಿರುವುದು. ಮುಂದೆ ನಡುಕ, ಸೆಳವು, ಪ್ರಜ್ಞಾಹೀನತೆಗಳು ಬರಬಹುದು. ಸಂದೇಹವಿದ್ದಲ್ಲಿ ಮರಿಯನ್ನು ಎಬ್ಬಿಸಿ ಆಹಾರ ತೋರಿಸುವುದೇ ಎಲ್ಲರ ಕೈಗೂ ಎಟುಕುವ ಪರೀಕ್ಷೆ.

ಕೊರತೆಯ ಲಕ್ಷಣ ಕಂಡೊಡನೆ ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಮೈಗೆ ಹತ್ತಿರವಾಗಿ ಹಿಡಿದುಕೊಳ್ಳಬೇಕು. ಅಥವಾ ಬಿಸಿನೀರಿನ ಶೀಸೆಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಬೇಕು. ಶಾಖ ನಿಧಾನವಾಗಿ ಏರಬೇಕೇ ಹೊರತು ಚರ್ಮ ಸುಡುವಂತಿರಬಾರದು. ಇದರೊಡನೆಯೇ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕದಡಿ, ಇಲ್ಲವೆ ಜೇನುತುಪ್ಪವನ್ನೇ ತೆಗೆದುಕೊಂಡು, ಬೆರಳ ತುದಿಯಿಂದ ವಸಡಿಗೆ ಸವರಬೇಕು. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ಯಾವ ದ್ರವವನ್ನೂ ಸುರಿಯಕೂಡದು. ಸಕ್ಕರೆಯ ಬದಲಿಗೆ ಬಳಸುವ ಕೃತಕ ಸಿಹಿಪದಾರ್ಥಗಳನ್ನು ಮುಟ್ಟಿಸಲೇಬಾರದು. ಅವುಗಳಲ್ಲಿ ಕ್ಸೈಲಿಟಾಲ್ ಎಂಬುದು ನಾಯಿಯ ದೇಹದಲ್ಲಿ ಇನ್ಸುಲಿನ್ನನ್ನು ಹೊರಡಿಸಿ ಸಕ್ಕರೆಯನ್ನು ಮತ್ತಷ್ಟು ಇಳಿಸುತ್ತದೆ. ಮರಿ ಚೇತರಿಸಿಕೊಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಬೇಕು, ಏಕೆಂದರೆ ಬರಿಯ ಸಕ್ಕರೆಯ ಪ್ರಭಾವ ಅಲ್ಪಕಾಲದ್ದು. ಚೇತರಿಸಲಿ, ಚೇತರಿಸದಿರಲಿ, ಪಶುವೈದ್ಯರಲ್ಲಿಗೆ ಒಯ್ಯುವುದನ್ನು ಮುಂದೂಡಬಾರದು. ಮನೆಯ ಉಪಚಾರ ದಾರಿಯಲ್ಲಿ ಜೀವ ಹಿಡಿದಿಡುವುದಕ್ಕೆ ಮಾತ್ರ.

ನಿತ್ಯದ ಪಾಲನೆಯಲ್ಲಿ ಮುಖ್ಯವಾದುದು ಆಹಾರದ ಕಾಲಕ್ರಮ. ಹಾಲು ಬಿಟ್ಟ ಕಿರುತಳಿಯ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ, ಮಲಗುವ ಮುನ್ನ ತಪ್ಪದೆ, ಆಹಾರ ಕೊಡಬೇಕು. ನಮ್ಮ ಮನೆಗಳಲ್ಲಿ ಮರಿಗೆ ಹಸುವಿನ ಹಾಲನ್ನೇ ಕುಡಿಸಿ ಸಾಕುವ ರೂಢಿಯುಂಟು. ತಾಯಿನಾಯಿಯ ಹಾಲಿನಲ್ಲಿರುವ ಸಸಾರಜನಕ, ಕೊಬ್ಬುಗಳ ಅರ್ಧದಷ್ಟೂ ಹಸುವಿನ ಹಾಲಿನಲ್ಲಿಲ್ಲ. ಹಾಲುಸಕ್ಕರೆ ಮಾತ್ರ ಹೆಚ್ಚು, ಅದು ಭೇದಿಗೆ ಕಾರಣವಾಗಬಲ್ಲದು. ಮೇಲೆ ಹೇಳಿದ ೨೧೦ ಕಿಲೋಕ್ಯಾಲೊರಿಯನ್ನು ಹಸುವಿನ ಹಾಲಿನಿಂದಲೇ ಒದಗಿಸಬೇಕಾದರೆ ಒಂದು ಕಿಲೋಗ್ರಾಂ ಮರಿ ದಿನಕ್ಕೆ ೩೦೦ ಮಿಲಿಲೀಟರಿಗೂ ಹೆಚ್ಚು ಕುಡಿಯಬೇಕಾದೀತು. ಆದುದರಿಂದ ಎಳೆಮರಿಗೆ ನಾಯಿಮರಿಗಳಿಗೆಂದೇ ತಯಾರಿಸಿದ ಹಾಲುಪುಡಿಯೂ, ಹಾಲು ಬಿಟ್ಟುದಕ್ಕೆ ಬೆಳೆಯುವ ಮರಿಗೆ ಯೋಗ್ಯವಾದ ಪೂರ್ಣಾಹಾರವೂ ಯುಕ್ತ. ದಿನವೂ ಒಂದೇ ವೇಳೆಯಲ್ಲಿ ತೂಕ ನೋಡಿ ಬರೆದಿಡುವುದು ಉತ್ತಮ. ಮೊದಲ ವಾರಗಳಲ್ಲಿ ತೂಕ ಏರದೆ ನಿಂತಿತೆಂದರೆ ಅದೇ ಮೊದಲ ಎಚ್ಚರಿಕೆ. ಕಣ್ಣಿಗೆ ಕಾಣುವ ಲಕ್ಷಣ ಅನಂತರದ್ದು.

ಎಲ್ಲ ಮಂಕುತನವೂ ಸಕ್ಕರೆಯ ಕೊರತೆಯಿಂದಲೇ ಬರುವುದೆಂದು ಭಾವಿಸಬಾರದು. ದುಂಡುಹುಳು ತಾಯಿಯ ಗರ್ಭದಲ್ಲಿಯೇ ಮರಿಯನ್ನು ಸೇರಬಲ್ಲದು. ಆದುದರಿಂದ ಎರಡು ವಾರದ ಮರಿಯಿಂದಲೇ ಜಂತುಹುಳುವಿನ ಔಷಧಿಯನ್ನು ವೈದ್ಯರು ಆರಂಭಿಸುತ್ತಾರೆ. ಬಿಳಿಚಿದ ವಸಡು ಕೊಕ್ಕೆಹುಳು, ಉಣ್ಣೆಗಳಿಂದಾದ ರಕ್ತಹೀನತೆಯನ್ನು ಸೂಚಿಸಬಹುದು. ವಾಂತಿ, ರಕ್ತಭೇದಿಗಳೊಡನೆ ಬಂದ ಜಡತೆ ೧೯೭೮ರಲ್ಲಿ ಗುರುತಿಸಲ್ಪಟ್ಟ ಪಾರ್ವೊ ವೈರಸ್ಸಿನದಾಗಿರಬಹುದು. ಇದಕ್ಕೆ ಆರರಿಂದ ಎಂಟನೆಯ ವಾರದಲ್ಲಿ ತೊಡಗಿ ಹದಿನಾರನೆಯ ವಾರದವರೆಗೆ ಸರಣಿಯಾಗಿ ಹಾಕಿಸುವ ಲಸಿಕೆಯೇ ರಕ್ಷಣೆ. ಸರಿಯಾಗಿ ಉಣಿಸುತ್ತಿದ್ದರೂ ಮತ್ತೆ ಮತ್ತೆ ಸಕ್ಕರೆ ಕುಸಿಯುತ್ತಿದ್ದರೆ, ಕರುಳಿನ ರಕ್ತ ಯಕೃತ್ತನ್ನು ಬಳಸಿಕೊಂಡು ಹೋಗುವ ಹುಟ್ಟುದೋಷವನ್ನು ಶಂಕಿಸಬೇಕು. ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್ ತಳಿಗಳಲ್ಲಿ ಇದು ಹೆಚ್ಚು.

ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಭಾರತ ಸರ್ಕಾರದ ೨೦೧೭ರ ನಾಯಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ವಿಧಿಸಿವೆ. ಮೇಲಿನ ವಿವೇಚನೆಯ ಬೆಳಕಿನಲ್ಲಿ ಈ ವಿಧಿಗೆ ಶರೀರವಿಜ್ಞಾನದ ಸಮರ್ಥನೆಯೂ ದೊರೆಯುತ್ತದೆ. ಬಿಸುಪು, ಹೊತ್ತುಹೊತ್ತಿಗೆ ಹಾಲು, ಒಡಹುಟ್ಟುಗಳ ಒತ್ತು ಇವುಗಳನ್ನು ತಾಯಿ ಕೇಳದೆಯೇ ಕೊಡುತ್ತಾಳೆ. ಮರಿಯನ್ನು ತಾಯಿಯಿಂದ ಬೇರೆ ಮಾಡಿ ತಂದವರು ಆ ಮೂರನ್ನೂ ತಾವೇ ಒದಗಿಸುವ ಹೊಣೆಯನ್ನೂ ಹೊತ್ತು ತಂದಿರುತ್ತಾರೆ. ಮರಿ ಮಂಕಾಗಿ ಮಲಗಿದ್ದಾಗ ಅದನ್ನು ಸಾಧುವೆಂದು ಮೆಚ್ಚಿಕೊಳ್ಳುವ ಮುನ್ನ ಒಮ್ಮೆ ಅದರ ಪಾದವನ್ನು ಮುಟ್ಟಿ ನೋಡುವುದು ಆ ಹೊಣೆಯ ಮೊದಲ ಪಾಠ.