ಬೆಂಚು ಕಾಯುವವರ ಬೆಲೆ: ಉಳಿಸಿಕೊಳ್ಳುವುದೇ, ಕೈಬಿಡುವುದೇ?

ಉಪ್ಪಿನಂಗಡಿ: ಕಬಡ್ಡಿ ತಂಡದ ಪಟ್ಟಿಯಲ್ಲಿ 12 ಹೆಸರುಗಳಿದ್ದರೆ ಅಂಕಣಕ್ಕಿಳಿಯುವವರು 7 ಮಂದಿ ಮಾತ್ರ. ಉಳಿದ ಐವರು ಗೆರೆಯ ಹೊರಗೆ ಕುಳಿತು ಕರೆಗಾಗಿ ಕಾಯುತ್ತಾರೆ. ಉಪ್ಪಿನಂಗಡಿ, ಪುತ್ತೂರು, ಕಡಬ, ಸುಳ್ಯ ಭಾಗದ ಹೊನಲು ಬೆಳಕಿನ ಪಂದ್ಯಾಟಗಳಿಂದ ಹಿಡಿದು ಪ್ರೊ ಕಬಡ್ಡಿ ಲೀಗ್‌ವರೆಗೆ ಈ ಲೆಕ್ಕ ಒಂದೇ. ವ್ಯತ್ಯಾಸವಿರುವುದು ಮುಂದಿನ ಹಂತದಲ್ಲಿ. ಊರಿನ ತಂಡದಲ್ಲಿ ಹೊರಗೆ ಕುಳಿತ ಹುಡುಗ ಮುಂದಿನ ವಾರವೂ ಅದೇ ತಂಡದಲ್ಲಿರುತ್ತಾನೆ. ವೃತ್ತಿಪರ ಲೀಗ್‌ನಲ್ಲಿ ಮಾತ್ರ ಪ್ರತಿ ಆವೃತ್ತಿ ಮುಗಿದಾಗಲೂ ಅವನನ್ನು ಉಳಿಸಿಕೊಳ್ಳಬೇಕೇ, ಕೈಬಿಡಬೇಕೇ ಎಂಬ ಪ್ರಶ್ನೆ ಏಳುತ್ತದೆ.

ಹೆಸರಾಂತ ಆಟಗಾರರ ವಿಷಯದಲ್ಲಿ ಈ ತೀರ್ಮಾನಕ್ಕೆ ಆಧಾರಗಳು ಕಣ್ಣೆದುರಿಗೇ ಇರುತ್ತವೆ. ಅವರ ಅಂಕಗಳೂ, ಬೇಡಿಕೆಯೂ ಎಲ್ಲರಿಗೂ ತಿಳಿದಿರುತ್ತವೆ. ಆದರೆ ಒಂದು ಆವೃತ್ತಿಯಲ್ಲಿ ಬೆರಳೆಣಿಕೆಯ ಪಂದ್ಯಗಳನ್ನಷ್ಟೇ ಆಡಿದ, ಹತ್ತಾರು ರೈಡ್‌ಗಳನ್ನು ಮಾತ್ರ ಮಾಡಿದ ಆಟಗಾರನ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಅವನು ಗಳಿಸಿದ ಅಂಕಗಳನ್ನಷ್ಟೇ ನೋಡಿದರೆ ಉತ್ತರ ತಪ್ಪಾಗುವ ಸಂಭವವೇ ಹೆಚ್ಚು. ಇದಕ್ಕೆ ಬೆಂಗಳೂರು ಬುಲ್ಸ್ ತಂಡದ ಏಕೈಕ ಪ್ರಶಸ್ತಿಯ ಕಥೆಯೇ ಸಾಕ್ಷಿ.

ಕೈಬಿಟ್ಟ ತಂಡದ ವಿರುದ್ಧವೇ 22 ಅಂಕ

ಪವನ್ ಸೆಹ್ರಾವತ್ 2016ರಲ್ಲಿ ಬೆಂಗಳೂರು ಬುಲ್ಸ್ ಪರವಾಗಿ ಪ್ರೊ ಕಬಡ್ಡಿಗೆ ಕಾಲಿಟ್ಟವರು. 2017ರ ಐದನೇ ಆವೃತ್ತಿಯಲ್ಲಿ ಅವರು ಹೊಸದಾಗಿ ಸೇರ್ಪಡೆಯಾದ ಗುಜರಾತ್ ಫಾರ್ಚೂನ್‌ಜಯಂಟ್ಸ್ ತಂಡದಲ್ಲಿದ್ದರು. ಕರಾವಳಿಯ ಸುಕೇಶ್ ಹೆಗ್ಡೆ ನಾಯಕರಾಗಿದ್ದ ಆ ತಂಡದಲ್ಲಿ ಸಚಿನ್, ರೋಹಿತ್ ಗುಲಿಯಾ, ಮಹೇಂದ್ರ ರಜಪೂತ್ ಮುಂತಾದ ರೈಡರ್‌ಗಳಿದ್ದ ಕಾರಣ ಪವನ್‌ಗೆ ಹೆಚ್ಚಿನ ಅವಕಾಶ ದೊರೆಯಲಿಲ್ಲ. ಗುಜರಾತ್ ಮೊದಲ ಪ್ರಯತ್ನದಲ್ಲೇ ಫೈನಲ್ ತಲುಪಿ, ಪಟ್ನಾ ಪೈರೇಟ್ಸ್ ಎದುರು 38-55ರಿಂದ ಸೋತಿತು.

ಮುಂದಿನ ಆವೃತ್ತಿಗೆ ಗುಜರಾತ್ ಸಚಿನ್, ಸುನಿಲ್ ಕುಮಾರ್ ಹಾಗೂ ಮಹೇಂದ್ರ ರಜಪೂತ್ ಅವರನ್ನು ಉಳಿಸಿಕೊಂಡಿತು. ಹರಾಜಿಗೆ ಬಂದ ಪವನ್ ಅವರನ್ನು ಬೆಂಗಳೂರು ಬುಲ್ಸ್ 52.8 ಲಕ್ಷ ರೂಪಾಯಿಗೆ ಪಡೆಯಿತು. ಅದೇ ಹರಾಜಿನಲ್ಲಿ ಮೋನು ಗೋಯತ್ ಅವರಿಗೆ ಹರಿಯಾಣ ಸ್ಟೀಲರ್ಸ್ ನೀಡಿದ್ದು 1.51 ಕೋಟಿ ರೂಪಾಯಿ. ಅಂದರೆ ಪವನ್ ಅವರ ಬೆಲೆ ಅತ್ಯಧಿಕ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು.

ಆ ಆವೃತ್ತಿಯಲ್ಲಿ ಪವನ್ 271 ರೈಡ್ ಅಂಕಗಳನ್ನು ಗಳಿಸಿ ಎಲ್ಲರಿಗಿಂತ ಮುಂದೆ ನಿಂತರು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಎದುರಾಳಿಯಾಗಿದ್ದುದು ಅದೇ ಗುಜರಾತ್. ಬುಲ್ಸ್ 38-33ರಿಂದ ಗೆದ್ದ ಆ ಪಂದ್ಯದಲ್ಲಿ ಪವನ್ ಒಬ್ಬರೇ 22 ಅಂಕ ತಂದರು.

ಗುಜರಾತ್‌ನ ತೀರ್ಮಾನವನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಆಡಿದವರನ್ನು ಉಳಿಸಿಕೊಂಡ ಆ ತಂಡ ಮತ್ತೆ ಫೈನಲ್ ತಲುಪಿತ್ತು. ಕೈಯಲ್ಲಿದ್ದ ಅಂಕಿ-ಅಂಶಗಳ ಪ್ರಕಾರ ಅದು ಸರಿಯಾದ ನಡೆಯೇ. ಕೊರತೆಯಿದ್ದುದು ಅಂಕಿ-ಅಂಶಗಳಲ್ಲಿ. ಅಂಕಣಕ್ಕಿಳಿಯದವನ ಅಂಕ ಕಡಿಮೆಯಿರುವುದು ಸಹಜ. ಆ ಸಂಖ್ಯೆ ಅವನ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅವನಿಗೆ ದೊರೆತ ಅವಕಾಶವನ್ನು ಹೇಳುತ್ತದೆ.

ಹಣದ ಮಿತಿ, ಸ್ಥಾನದ ಮಿತಿ

ಬೇಕಾದವರನ್ನೆಲ್ಲ ಉಳಿಸಿಕೊಳ್ಳಲು ಯಾವ ತಂಡಕ್ಕೂ ಸಾಧ್ಯವಿಲ್ಲ. ಆಟಗಾರರ ಮೇಲೆ ಒಂದು ತಂಡ ಮಾಡಬಹುದಾದ ವೆಚ್ಚಕ್ಕೆ ಲೀಗ್ ಮಿತಿ ಹಾಕಿದೆ. 2018ರಲ್ಲಿ 4 ಕೋಟಿ ರೂಪಾಯಿ ಇದ್ದ ಈ ಮಿತಿ 2019ರಲ್ಲಿ 4.4 ಕೋಟಿಗೆ, 2023ರಲ್ಲಿ 5 ಕೋಟಿಗೆ ಏರಿತು. ಈ ಮೊತ್ತದೊಳಗೆ ಕನಿಷ್ಠ 18, ಗರಿಷ್ಠ 25 ಆಟಗಾರರ ತಂಡ ಕಟ್ಟಬೇಕು. ಹರಾಜಿನಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತದೆ. 2023ರಲ್ಲಿ ಈ ವರ್ಗಗಳ ಮೂಲ ಬೆಲೆ ಕ್ರಮವಾಗಿ 30, 20, 13 ಮತ್ತು 9 ಲಕ್ಷ ರೂಪಾಯಿ ಇತ್ತು.

ಹರಾಜಿಗೆ ಮೊದಲೇ ಕೆಲವರನ್ನು ಉಳಿಸಿಕೊಳ್ಳಲು ಅವಕಾಶವಿದೆ. 2022ರ ನಿಯಮದಂತೆ ಪ್ರಮುಖ ಆಟಗಾರರ ವಿಭಾಗದಲ್ಲಿ ಗರಿಷ್ಠ 6 ಮಂದಿಯನ್ನು, ಉಳಿಸಿಕೊಂಡ ಯುವ ಆಟಗಾರರ ವಿಭಾಗದಲ್ಲಿ ಗರಿಷ್ಠ 4 ಮಂದಿಯನ್ನು ಇಟ್ಟುಕೊಳ್ಳಬಹುದಿತ್ತು. ಇದಲ್ಲದೆ, ಹರಾಜಿನಲ್ಲಿ ತನ್ನ ಹಳೆಯ ಆಟಗಾರನಿಗೆ ಬೇರೊಂದು ತಂಡ ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಅವನನ್ನು ಹಿಂಪಡೆಯುವ ‘ಫೈನಲ್ ಬಿಡ್ ಮ್ಯಾಚ್’ ಎಂಬ ಹಕ್ಕೂ ತಂಡಗಳಿಗಿದೆ. ಇದನ್ನು ಸೀಮಿತ ಸಂಖ್ಯೆಯಲ್ಲಷ್ಟೇ ಬಳಸಬಹುದು.

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಅಂಕಣಕ್ಕಿಳಿಯುವವರು ಐವರು, ಪೂರ್ಣ ಒಪ್ಪಂದದ ಆಟಗಾರರು 15 ಮಂದಿ. ಅಲ್ಲಿ ಆಟಗಾರರನ್ನು ತಂಡಗಳು ನೇರವಾಗಿ ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಐಪಿಎಲ್‌ನಲ್ಲೂ ಹರಾಜಿನ ಹೊರಗೆ ವರ್ಗಾವಣೆ ಉಂಟು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2016ರಲ್ಲಿ ಸನ್‌ರೈಸರ್ಸ್ ಹೈದರಾಬಾದ್‌ನಿಂದ ರಾಯಲ್ ಚಾಲೆಂಜರ್ಸ್ ತಂಡಕ್ಕೆ ಮರಳಿದ್ದು ಇದೇ ಮಾರ್ಗದಲ್ಲಿ. ಆ ವರ್ಷ ಅವರು 397 ರನ್ ಗಳಿಸಿದರು. ಕಬಡ್ಡಿಯಲ್ಲಿ ಮಾತ್ರ ತಂಡ ಬದಲಾವಣೆಯ ಮುಖ್ಯ ದಾರಿ ಹರಾಜೇ. ಹೀಗಾಗಿ ಇಲ್ಲಿ ಕೈಬಿಟ್ಟ ಆಟಗಾರನಿಗೆ ಪ್ರತಿಯಾಗಿ ಮತ್ತೊಬ್ಬ ಆಟಗಾರ ಸಿಗುವುದಿಲ್ಲ. ಸಿಗುವುದು ಹಣ ಮತ್ತು ಖಾಲಿ ಸ್ಥಾನ. ಆ ಹಣದಿಂದ ಅದೇ ಸ್ಥಾನವನ್ನು ತುಂಬಲು ಸಾಧ್ಯವೇ ಎಂಬುದೇ ನಿಜವಾದ ಲೆಕ್ಕಾಚಾರ.

ಅಂಕಗಳನ್ನು ಓದುವ ಬಗೆ

ಉದಾಹರಣೆಗೆ, ಒಬ್ಬ ರೈಡರ್ 150 ರೈಡ್‌ಗಳಲ್ಲಿ 60 ಅಂಕ, ಬೆಂಚಿನಿಂದ ಬಂದ ಇನ್ನೊಬ್ಬ 20 ರೈಡ್‌ಗಳಲ್ಲಿ 10 ಅಂಕ ಗಳಿಸಿದ್ದಾರೆ ಎಂದುಕೊಳ್ಳೋಣ. ಮೊದಲನೆಯವನ ಸರಾಸರಿ ರೈಡ್‌ಗೆ 0.4, ಎರಡನೆಯವನದು 0.5. ಹಾಗೆಂದ ಮಾತ್ರಕ್ಕೆ ಎರಡನೆಯವನೇ ಮೇಲೆಂದು ಹೇಳಲಾಗದು. 20 ರೈಡ್‌ಗಳು ಅಳತೆಗೆ ತೀರಾ ಕಡಿಮೆ. ಒಂದೇ ಒಂದು ಸೂಪರ್ ರೈಡ್‌ನಲ್ಲಿ 3 ಅಂಕ ಬಂದಿದ್ದರೂ ಇಡೀ ಸರಾಸರಿ ಬದಲಾಗಿಬಿಡುತ್ತದೆ.

ಆದ್ದರಿಂದ ಅಂಕ ಎಷ್ಟು ಎಂಬುದಕ್ಕಿಂತ ಅದು ಹೇಗೆ ಬಂತು ಎಂಬುದನ್ನು ನೋಡಬೇಕಾಗುತ್ತದೆ. ಎದುರಾಳಿಯ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇರುವಾಗ ಗಳಿಸಿದ ಬೋನಸ್ ಅಂಕ ಒಂದು ಬಗೆಯದು, ಮುಟ್ಟಿ ಬಂದ ಅಂಕ ಇನ್ನೊಂದು ಬಗೆಯದು. ಎರಡು ಖಾಲಿ ರೈಡ್‌ಗಳ ಬಳಿಕ ಬರುವ ‘ಮಾಡು ಇಲ್ಲವೇ ಮಡಿ’ ರೈಡ್‌ನಲ್ಲಿ ಅಂಕ ತರದಿದ್ದರೆ ರೈಡರ್ ಔಟಾಗುತ್ತಾನೆ. ಪ್ರಮುಖ ರೈಡರ್‌ನನ್ನು ಈ ಅಪಾಯದಿಂದ ಕಾಪಾಡಲು ತಂಡಗಳು ಹಲವು ಬಾರಿ ಎರಡನೇ ಸಾಲಿನವರನ್ನು ಕಳುಹಿಸುತ್ತವೆ. ಇಂತಹ ರೈಡ್‌ಗಳನ್ನೇ ಮಾಡಿದವನ ಸರಾಸರಿ ತಗ್ಗಿರುವುದು ಅವನ ದೌರ್ಬಲ್ಯವಲ್ಲ, ಅವನಿಗೆ ವಹಿಸಿದ ಕೆಲಸದ ಸ್ವರೂಪ. ಹಾಗೆಯೇ, ಪಂದ್ಯದ ಫಲಿತಾಂಶ ನಿರ್ಧಾರವಾದ ಮೇಲೆ ಕೊನೆಯ ನಿಮಿಷಗಳಲ್ಲಿ ಬಂದ ಅಂಕಗಳಿಗೆ ಅಷ್ಟೇ ತೂಕ ಕೊಡಲಾಗದು.

ರಕ್ಷಣಾ ಆಟಗಾರರ ವಿಷಯದಲ್ಲಿ ಲೆಕ್ಕ ಇನ್ನಷ್ಟು ಸೂಕ್ಷ್ಮ. ಬಲ ಕಾರ್ನರ್‌ನಲ್ಲಿ ಪಳಗಿದವನು ಎಡ ಕಾರ್ನರ್‌ನಲ್ಲಿ ಅಷ್ಟೇ ಸಮರ್ಥನಾಗಿರಬೇಕೆಂದಿಲ್ಲ. ಕಾರ್ನರ್ ಮತ್ತು ಕವರ್ ಆಟಗಾರರ ನಡುವಿನ ಹೊಂದಾಣಿಕೆ ಬೆಳೆಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ತಂಡದಲ್ಲಿ ಒಳ್ಳೆಯ ರೈಡರ್‌ಗಳು ನಾಲ್ವರಿದ್ದು, ಪರ್ಯಾಯ ಬಲ ಕಾರ್ನರ್ ಒಬ್ಬನೇ ಇದ್ದರೆ, ಹೆಚ್ಚು ಅಂಕ ಗಳಿಸಿದ ನಾಲ್ಕನೇ ರೈಡರ್‌ಗಿಂತ ಅಂಕವೇ ಗಳಿಸದ ಆ ಕಾರ್ನರ್ ಆಟಗಾರ ಹೆಚ್ಚು ಅಮೂಲ್ಯ. ಬೆಂಚಿನ ಆಟಗಾರನ ಬೆಲೆ ಅವನಲ್ಲಿ ಮಾತ್ರ ಇಲ್ಲ, ಅವನು ಹೋದರೆ ಉಂಟಾಗುವ ತೆರವಿನಲ್ಲೂ ಇದೆ.

ದುಬಾರಿ ತಾರೆ, ಅಗ್ಗದ ಭರವಸೆ

ಈ ಮಾತನ್ನು 2022ರ ಒಂಬತ್ತನೇ ಆವೃತ್ತಿ ಎರಡು ಬಗೆಯಲ್ಲಿ ತೋರಿಸಿಕೊಟ್ಟಿತು. ಸತತ ಮೂರು ಆವೃತ್ತಿಗಳಲ್ಲಿ ಅತ್ಯಧಿಕ ರೈಡ್ ಅಂಕ ಗಳಿಸಿದ್ದ ಪವನ್ ಆ ವರ್ಷ ಬುಲ್ಸ್ ತೊರೆದು ಹರಾಜಿಗೆ ಬಂದರು. ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಖರೀದಿಸಿತು. ತಂಡದ ಒಟ್ಟು ಮಿತಿಯ ಅರ್ಧಕ್ಕಿಂತ ಹೆಚ್ಚಿನ ಹಣ ಒಬ್ಬರ ಮೇಲೆಯೇ ವೆಚ್ಚವಾಯಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಗಾಯವಾಗಿ ಪವನ್ ಆ ಆವೃತ್ತಿಯಿಂದಲೇ ಹೊರಬಿದ್ದರು.

ತಲೈವಾಸ್ ಕುಸಿಯಬೇಕಿತ್ತು. ಆದರೆ ಯುವ ಆಟಗಾರರ ವಿಭಾಗದಿಂದ ಬಂದಿದ್ದ ನರೇಂದರ್ 243 ರೈಡ್ ಅಂಕ ಗಳಿಸಿ ತಂಡವನ್ನು ಮೊದಲ ಬಾರಿಗೆ ಸೆಮಿಫೈನಲ್‌ಗೆ ಕೊಂಡೊಯ್ದರು. ಇತ್ತ ಬುಲ್ಸ್ ಪವನ್ ಅವರ ಸ್ಥಾನಕ್ಕೆ ವಿಕಾಸ್ ಖಂಡೋಲ ಅವರನ್ನು 1.70 ಕೋಟಿ ರೂಪಾಯಿಗೆ ತಂದಿತ್ತು. ಆದರೆ ಆ ಆವೃತ್ತಿಯಲ್ಲಿ 279 ರೈಡ್ ಅಂಕಗಳೊಂದಿಗೆ ತಂಡದ ಭಾರ ಹೊತ್ತವರು ಹಿಂದಿನ ವರ್ಷ ಪವನ್ ನೆರಳಿನಲ್ಲಿ ಆಡಿದ್ದ ಯುವಕ ಭರತ್. ಬುಲ್ಸ್ ಕೂಡ ಸೆಮಿಫೈನಲ್ ತಲುಪಿತು.

ಇವೆರಡರಿಂದ ಯುವ ಆಟಗಾರರನ್ನೇ ಉಳಿಸಿಕೊಳ್ಳಬೇಕೆಂಬ ಸರಳ ಸೂತ್ರ ಹೊರಡುವುದಿಲ್ಲ. ಅವಕಾಶ ಸಿಕ್ಕಿಯೂ ಬೆಳಗದ ಯುವಕರು ಎಲ್ಲ ತಂಡಗಳಲ್ಲೂ ಇದ್ದಾರೆ. ಆದರೆ ಕಡಿಮೆ ಸಂಭಾವನೆಯ ಯುವಕನನ್ನು ಉಳಿಸಿಕೊಂಡು ತಪ್ಪಾದರೆ ಆಗುವ ನಷ್ಟ ಚಿಕ್ಕದು, ಸರಿಯಾದರೆ ಆಗುವ ಲಾಭ ದೊಡ್ಡದು. ಮಧ್ಯಮ ಬೆಲೆಯ, ಸಾಧಾರಣ ಸಾಧನೆಯ, ವಯಸ್ಸು ಮೂವತ್ತು ದಾಟುತ್ತಿರುವ ಆಟಗಾರನ ವಿಷಯದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಹಣದ ಮಿತಿಯ ಒತ್ತಡ ಅಗ್ರ ಆಟಗಾರರನ್ನೂ ಬಿಡದು. 2024ರ ಹನ್ನೊಂದನೇ ಆವೃತ್ತಿಯಲ್ಲಿ 301 ರೈಡ್ ಅಂಕ ಗಳಿಸಿ ಅಗ್ರಸ್ಥಾನದಲ್ಲಿದ್ದ ದೇವಾಂಕ್ ದಲಾಲ್ ಅವರನ್ನೂ ಪಟ್ನಾ ಕೈಬಿಟ್ಟಿತು. 2025ರ ಹರಾಜಿನಲ್ಲಿ ಬೆಂಗಾಲ್ ವಾರಿಯರ್ಸ್ ಅವರಿಗೆ 2.205 ಕೋಟಿ ರೂಪಾಯಿ ನೀಡಿತು.

ಆಟಗಾರನ ಕಡೆಯಿಂದ ನೋಡಿದರೆ

ಇದುವರೆಗಿನ ಲೆಕ್ಕವೆಲ್ಲ ತಂಡದ್ದು. ಆಟಗಾರನ ಲೆಕ್ಕ ಬೇರೆಯೇ ಇದೆ. ಕಬಡ್ಡಿ ಆಟಗಾರನ ಉತ್ತುಂಗದ ವರ್ಷಗಳು ಹೆಚ್ಚೆಂದರೆ ಹತ್ತು. ಮೊಣಕಾಲು, ಭುಜದ ಗಾಯಗಳು ಅದನ್ನೂ ಮೊಟಕುಗೊಳಿಸುತ್ತವೆ. ಇಂತಹ ಕಡಿಮೆ ಅವಧಿಯಲ್ಲಿ ಒಂದು ಆವೃತ್ತಿಯನ್ನು ಪೂರ್ತಿ ಬೆಂಚಿನಲ್ಲಿ ಕಳೆಯುವುದು ಸಣ್ಣ ನಷ್ಟವಲ್ಲ. ಸಂಭಾವನೆ ಕೈಸೇರಬಹುದು. ಆದರೆ ಆಡದವನನ್ನು ಆಯ್ಕೆಗಾರರು ನೋಡುವುದಿಲ್ಲ, ಮುಂದಿನ ಹರಾಜಿನಲ್ಲಿ ಅವನಿಗೆ ಬೆಲೆಯೂ ಏರುವುದಿಲ್ಲ.

ಹೀಗಾಗಿ ಕೈಬಿಡುವುದನ್ನು ಅವಮಾನವೆಂದು ಬಗೆಯುವುದು ಸರಿಯಲ್ಲ. ಪುತ್ತೂರು ಭಾಗದ ರೈಡರ್ ಪ್ರಶಾಂತ್ ಕುಮಾರ್ ರೈ ಅವರನ್ನು 2018ರಲ್ಲಿ ಯು.ಪಿ. ಯೋಧಾ 79 ಲಕ್ಷ ರೂಪಾಯಿಗೆ ಖರೀದಿಸಿತ್ತು. 2019ರಲ್ಲಿ ಅವರು 77 ಲಕ್ಷ ರೂಪಾಯಿಗೆ ಹರಿಯಾಣ ಸ್ಟೀಲರ್ಸ್ ಸೇರಿದರು. ಅದರ ಮುಂದಿನ ಆವೃತ್ತಿಯಲ್ಲಿ ಅವರು ಪಟ್ನಾ ಪೈರೇಟ್ಸ್‌ನ ನಾಯಕ. ಮೂರು ಆವೃತ್ತಿ, ಮೂರು ತಂಡ. ಅವರ ನಾಯಕತ್ವದಲ್ಲಿ ಪಟ್ನಾ ಫೈನಲ್ ತಲುಪಿ, 2022ರ ಫೆಬ್ರುವರಿ 25ರಂದು ಬೆಂಗಳೂರಿನಲ್ಲಿ ದಬಂಗ್ ಡೆಲ್ಲಿ ಎದುರು 36-37ರಿಂದ, ಒಂದೇ ಅಂಕದ ಅಂತರದಲ್ಲಿ ಸೋತಿತು. ಆ ಪಂದ್ಯದಲ್ಲಿ ಡೆಲ್ಲಿ ಪರ ಅತಿ ಹೆಚ್ಚು, ಅಂದರೆ 14 ಅಂಕ ಗಳಿಸಿದವರು ತಾರೆ ನವೀನ್ ಕುಮಾರ್ ಅಲ್ಲ, ಅವರಿಗೆ ಜೊತೆಯಾಗಿದ್ದ ವಿಜಯ್. ಎರಡನೇ ಸಾಲಿನ ಆಟಗಾರನನ್ನು ಬಲವಾಗಿ ಇಟ್ಟುಕೊಂಡ ತಂಡಕ್ಕೆ ಆ ಒಂದು ಅಂಕ ಒಲಿಯಿತು.

ಊರಿನ ಅಂಕಣಕ್ಕೂ ಅನ್ವಯ

ಈ ವಿವೇಚನೆ ಕೋಟಿಗಳ ಲೀಗ್‌ಗೆ ಮಾತ್ರ ಸೀಮಿತವಲ್ಲ. ಕರಾವಳಿಯ ಪಂದ್ಯಾಟಗಳಲ್ಲಿ ನಗದು ಬಹುಮಾನಕ್ಕಾಗಿ ಹೊರಗಿನ ಅತಿಥಿ ಆಟಗಾರರನ್ನು ಕರೆಸುವ ರೂಢಿಯಿದೆ. ಅತಿಥಿ ಬಂದ ದಿನ ಊರಿನ ಹುಡುಗನೊಬ್ಬ ಹೊರಗೆ ಕುಳಿತುಕೊಳ್ಳುತ್ತಾನೆ. ಒಂದು ಟ್ರೋಫಿಗೆ ಅದು ಲಾಭ. ಪ್ರತಿ ವಾರವೂ ಹಾಗೆಯೇ ಆದರೆ ಮುಂದಿನ ವರ್ಷ ಅತಿಥಿ ಬಾರದ ದಿನ ತಂಡದಲ್ಲಿ ಆಡಿ ಪಳಗಿದವರೇ ಇರುವುದಿಲ್ಲ.

ತಂಡ ಚಿಕ್ಕದಿರಲಿ, ದೊಡ್ಡದಿರಲಿ, ತೀರ್ಮಾನಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಆಟಗಾರನಿಗೆ ಎಷ್ಟು ಅವಕಾಶ ಕೊಡಲಾಗಿತ್ತು? ಆ ಅವಕಾಶ ಎಂತಹ ಸನ್ನಿವೇಶದಲ್ಲಿ ಸಿಕ್ಕಿತ್ತು? ಅವನು ಹೋದರೆ ಆ ಸ್ಥಾನವನ್ನು ಅಷ್ಟೇ ಬೆಲೆಗೆ ತುಂಬಬಲ್ಲವರು ಸಿಗುತ್ತಾರೆಯೇ? ಉಳಿಸಿಕೊಂಡರೆ ಮುಂದಿನ ವರ್ಷವಾದರೂ ಅವನನ್ನು ಆಡಿಸುವ ಉದ್ದೇಶ ಇದೆಯೇ?

ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ಅವನನ್ನು ಬಿಟ್ಟುಕೊಡುವುದೇ ಇಬ್ಬರಿಗೂ ಹಿತ. ಕೈಬಿಟ್ಟವನು ಮುಂದೆ ಎದುರಾಳಿಯಾಗಿ ಬಂದು 22 ಅಂಕ ಗಳಿಸಬಹುದೆಂಬ ಭಯಕ್ಕೆ ಆಟಗಾರನನ್ನು ಬೆಂಚಿನಲ್ಲೇ ಕೂರಿಸಿಡುವ ತಂಡ ಅವನ ಒಂದು ವರ್ಷವನ್ನೂ, ತನ್ನ ಒಂದು ಸ್ಥಾನವನ್ನೂ ಏಕಕಾಲಕ್ಕೆ ಕಳೆದುಕೊಳ್ಳುತ್ತದೆ.