ನೋಡಿಯೂ ನೋಡದ ಹಾಗೆ

ಮಾರಿಸ್‌ಟೌನಿನ ಸೌತ್ ಸ್ಟ್ರೀಟ್. ಬೆಳಗಿನ ಹತ್ತರ ಬಿಸಿಲು. ಕಪ್ಪು ಕನ್ನಡಕದ ಹೆಂಗಸೊಬ್ಬರು ಎಡಗೈಯಲ್ಲಿ ನಾಯಿಯ ಹಾರ್ನೆಸ್ಸಿನ ಹಿಡಿ ಹಿಡಿದು ಫುಟ್‌ಪಾತಿನ ಮೇಲೆ ಬಿರಬಿರನೆ ಬರುತ್ತಿದ್ದಾರೆ. ಹಾರ್ನೆಸ್ಸಿನ ಆ ತುದಿಯಲ್ಲಿ ಮಾತ್ರ ನಾಯಿಯಿಲ್ಲ. ಐವತ್ತು ದಾಟಿದ, ಗಡ್ಡ ಬಿಟ್ಟ ಗಂಡಸೊಬ್ಬನಿದ್ದಾನೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಅರೆಬಗ್ಗಿ, ಅವರನ್ನು ಎಳೆದುಕೊಂಡು ನಡೆಯುತ್ತಿದ್ದಾನೆ. ಮೂಲೆ ಬಂತು, ನಿಂತ. “ಜೂನೋ, ಲೆಫ್ಟ್” ಅಂದರು ಆಕೆ. ಎಡಕ್ಕೆ ತಿರುಗಿದ. “ಗುಡ್ ಗರ್ಲ್!” ಎಂದು ಬಾಯಿತುಂಬ ಹೊಗಳಿದರು. ಗಡ್ಡದವನು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಮುಂದೆ ಹೋದ. ಕಾಫಿ ಅಂಗಡಿಯ ಹೊರಗೆ ಕೂತವರಲ್ಲಿ ಒಬ್ಬರೂ ತಲೆಯೆತ್ತಿ ನೋಡಲಿಲ್ಲ.

ಜೂನೋ ಇಲ್ಲದ ನಾಯಿ. ನಾಯಿಯ ಪಾತ್ರ ವಹಿಸಿದಾತ, ಕಣ್ಣು ಕಾಣದವರಿಗೆ ಮಾರ್ಗದರ್ಶಿ ನಾಯಿಗಳನ್ನು ತಯಾರು ಮಾಡುವ ಇಲ್ಲಿನ ‘ದಿ ಸೀಯಿಂಗ್ ಐ’ ಶಾಲೆಯ ತರಬೇತುದಾರ. ಹಿಡಿಯ ಆ ಬದಿಯಲ್ಲಿ ನಡೆದರೆ ಮಾತ್ರ ತಿಳಿಯುವ ಸಂಗತಿಗಳಿವೆ: ಈಕೆಯ ಸಹಜ ನಡಿಗೆ ಎಷ್ಟು ವೇಗ, ಎಷ್ಟು ಎಳೆತ ಇವರ ತೋಳಿಗೆ ಹಿತ, ಗದರುವಾಗ ದನಿ ಗಟ್ಟಿಯಾಗುತ್ತದೋ ಮೆತ್ತಗಾಗುತ್ತದೋ. ತರಬೇತಿ ಮುಗಿದ ನಾಯಿಗಳು ಶಾಲೆಯಲ್ಲಿ ಕಾಯುತ್ತಿರುತ್ತವೆ. ಒಂದು ಚುರುಕು, ಒಂದು ಸಾವಧಾನಿ, ಒಂದಕ್ಕೆ ಗದರಿದರೆ ದಿನವಿಡೀ ಮುನಿಸು. ಯಾರಿಗೆ ಯಾವುದು ಎನ್ನುವುದು ಈ ನಡಿಗೆಯ ಮೇಲೆ ನಿಶ್ಚಯವಾಗುತ್ತದೆ. ಜಾತಕ ನೋಡಿ ಮಾಡಿದ ಎಷ್ಟೋ ಮದುವೆಗಳಿಗಿಂತ ಇದರ ಲೆಕ್ಕಾಚಾರ ಗಟ್ಟಿ ಎನ್ನುವುದು ನನ್ನ ಅನುಮಾನ.

ನ್ಯೂಜೆರ್ಸಿಯ ಈ ಊರು ದಶಕಗಳಿಂದ ನಾಯಿಗಳ ಪಾಠಶಾಲೆ. ಶಾಲೆಯ ವ್ಯಾನುಗಳು ಬಂದು ನಿಲ್ಲುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳು ಒಂದೊಂದಾಗಿ ಇಳಿದು ತಮ್ಮ ಸರದಿಯ ನಡಿಗೆಗೆ ಹೊರಡುತ್ತವೆ. ಊರಿನವರು ಅವನ್ನು ಮುಟ್ಟುವುದಿಲ್ಲ, ಲೊಚಗುಟ್ಟಿ ಕರೆಯುವುದಿಲ್ಲ. ಹಾರ್ನೆಸ್ ಹಾಕಿದ ನಾಯಿ ಕೆಲಸದ ಮೇಲಿದೆ ಎಂದು ಮಕ್ಕಳಿಗೂ ಗೊತ್ತು. ಊರ ನಡುವಿನ ‘ಗ್ರೀನ್’ ಎಂಬ ಉದ್ಯಾನದ ಬಳಿ ಕಂಚಿನಲ್ಲೊಬ್ಬ ಯುವಕ ಕಂಚಿನ ನಾಯಿಯ ಜೊತೆ ಹೆಜ್ಜೆಯಿಡುತ್ತಿದ್ದಾನೆ: ಮಾರಿಸ್ ಫ್ರ್ಯಾಂಕ್ ಮತ್ತು ಬಡ್ಡಿ. ಹೊಸಬರು ಆ ನಾಯಿಯ ತಲೆ ಸವರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಊರಿನಲ್ಲಿ ಯಾರು ಬೇಕಾದರೂ ಮುಟ್ಟಬಹುದಾದ ಮಾರ್ಗದರ್ಶಿ ನಾಯಿ ಅದೊಂದೇ.

ಫ್ರ್ಯಾಂಕ್‌ನದು ಹೇಳಲೇಬೇಕಾದ ಕಥೆ. ಟೆನೆಸ್ಸಿಯ ನ್ಯಾಶ್‌ವಿಲ್ಲಿನ ಹುಡುಗ. ಒಂದು ಕಣ್ಣು ಆರನೆಯ ವಯಸ್ಸಿನಲ್ಲಿ ಹೋಯಿತು, ಇನ್ನೊಂದು ಹದಿನಾರರಲ್ಲಿ ಬಾಕ್ಸಿಂಗ್ ಆಡುವಾಗ. ಕೈಹಿಡಿದು ನಡೆಸಲು ಒಬ್ಬ ಹುಡುಗನಿಗೆ ದುಡ್ಡು ಕೊಟ್ಟು, ವಿಮೆ ಮಾರಿಕೊಂಡಿದ್ದ. 1927ರ ನವೆಂಬರಿನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಲೇಖನವೊಂದನ್ನು ಅಪ್ಪ ಓದಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಜರ್ಮನಿಯಲ್ಲಿ ನಾಯಿಗಳನ್ನು ಕೊಡುತ್ತಿದ್ದಾರೆಂದು ಅದರಲ್ಲಿತ್ತು. ಬರೆದವರು ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಶೆಫರ್ಡ್ ನಾಯಿಗಳನ್ನು ಬೆಳೆಸುತ್ತಿದ್ದ ಅಮೆರಿಕದ ಮಹಿಳೆ, ಡೊರೊತಿ ಹ್ಯಾರಿಸನ್ ಯೂಸ್ಟಿಸ್. ನನಗೊಂದು ನಾಯಿ ಕೊಡಿ, ತರಬೇತಿ ಕೊಡಿ, ನಾನು ಅಮೆರಿಕಕ್ಕೆ ಬಂದು ಉಳಿದವರಿಗೆ ಹೇಳಿಕೊಡುತ್ತೇನೆ ಎಂದು ಫ್ರ್ಯಾಂಕ್ ಬರೆದ. ಕಣ್ಣು ಕಾಣದ ಹುಡುಗ ಒಬ್ಬನೇ ಹೇಗೆ ಹೋದಾನು? ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಮೂಲಕ ಪಾರ್ಸೆಲ್ಲಿನಂತೆ ಅವನನ್ನು ಹಡಗಿನಲ್ಲಿ ಕಳಿಸಿದರು. ಹಡಗಿನವರು ತಿರುಗಾಡಲು ಬಿಡದೆ ಕ್ಯಾಬಿನ್ನಿನಲ್ಲಿಟ್ಟು ಬೀಗ ಹಾಕುತ್ತಿದ್ದರಂತೆ. ಹಿಂತಿರುಗುವಾಗ ಬಡ್ಡಿ ಜೊತೆಗಿದ್ದಳು, ಬೀಗ ಹಾಕುವವರಿರಲಿಲ್ಲ. 1928ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಳಿದೊಡನೆ ಪತ್ರಕರ್ತರು ವೆಸ್ಟ್ ಸ್ಟ್ರೀಟನ್ನು ದಾಟಿ ತೋರಿಸೆಂದು ಸವಾಲು ಹಾಕಿದರು. ಲಾರಿ, ಕುದುರೆಗಾಡಿ, ಟ್ಯಾಕ್ಸಿಗಳು ನುಗ್ಗುತ್ತಿದ್ದ ಅಗಲವಾದ ಬೀದಿ, ಕಣ್ಣಿದ್ದವರಿಗೂ ದಿಗಿಲು. ಬಡ್ಡಿ ನಿಂತಳು, ಹಿಂದೆ ಸರಿದಳು, ಮತ್ತೆ ಮುಂದೆ ನಡೆದಳು, ದಾಟಿಸಿದಳು. ಫ್ರ್ಯಾಂಕ್ ಯೂಸ್ಟಿಸ್‌ರಿಗೆ ಒಂದೇ ಪದದ ತಂತಿ ಕಳಿಸಿದ: ಯಶಸ್ಸು. ಮರುವರ್ಷ ಇಬ್ಬರೂ ಸೇರಿ ನ್ಯಾಶ್‌ವಿಲ್ಲಿನಲ್ಲಿ ಶಾಲೆ ಆರಂಭಿಸಿದರು, ಕೆಲವು ವರ್ಷಗಳಲ್ಲೇ ಅದು ನ್ಯೂಜೆರ್ಸಿಗೆ ಬಂತು. ಇಲ್ಲಿಯವರೆಗೆ 17 ಸಾವಿರಕ್ಕೂ ಹೆಚ್ಚು ಜೋಡಿಗಳು ಇಲ್ಲಿಂದ ಹೊರಬಿದ್ದಿವೆ. ಕಲಿಯಲು ಬರುವವರು ಕೊಡಬೇಕಾದ ಶುಲ್ಕ ಮೊದಲ ನಾಯಿಗೆ 150 ಡಾಲರ್, ಮುಂದಿನವಕ್ಕೆ 50. ಯೋಧರಿಗೆ ಒಂದೇ ಡಾಲರ್. ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಬಿಟ್ಟಿಯಾಗಿ ಪಡೆದೆ ಎಂಬ ಭಾರ ಇರಬಾರದು, ಅಷ್ಟಕ್ಕೆ.

ಶಾಲೆಯಲ್ಲಿ ನಾಯಿ ಕಲಿಯುವುದು ಸುಮಾರು ನಾಲ್ಕು ತಿಂಗಳು ಮಾತ್ರ. ಅದಕ್ಕೆ ಮೊದಲಿನ ಒಂದು ವರ್ಷಕ್ಕೂ ಮಿಕ್ಕಿದ ಬಾಲ್ಯ ಕಳೆಯುವುದು ಯಾರದೋ ಅಡುಗೆಮನೆಯಲ್ಲಿ, ಯಾರದೋ ಸೋಫಾದ ಕೆಳಗೆ. ಏಳೆಂಟು ವಾರದ ಮರಿಯನ್ನು ಸಾಕುಮನೆಗೆ ಕೊಡುವ ಪದ್ಧತಿ ಇಲ್ಲಿ 1942ರಲ್ಲಿ ಹಳ್ಳಿಮಕ್ಕಳ ‘ಫೋರ್-ಎಚ್’ ಕೂಟಗಳ ಮೂಲಕ ಶುರುವಾಯಿತು. ಇಂದು ಆ ಮನೆಗಳಲ್ಲಿ ನಮ್ಮವರದೂ ಒಂದಿದೆ. ಪಕ್ಕದ ಪಾರ್ಸಿಪನಿಯಲ್ಲಿರುವ ಹಾಸನದ ಕಡೆಯ ಗೆಳತಿಯ ಮನೆಗೆ ಕಪ್ಪು ಲ್ಯಾಬ್ರಡಾರ್ ಮರಿಯೊಂದು ಬಂತು. ಅದೇ ವಾರ ಊರಿನಿಂದ ಆರು ತಿಂಗಳಿಗೆಂದು ಅವಳ ತಾಯಿಯೂ ಬಂದರು.

ಮರಿಗೆ ಹೆಸರಿಡುವ ಹಕ್ಕು ಸಾಕುವವರಿಗಿಲ್ಲ. ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಶುರುವಾಗುವ ಹೆಸರುಗಳನ್ನು ಶಾಲೆಯೇ ಇಟ್ಟು ಕಳಿಸುತ್ತದೆ. ಅಜ್ಜಿಗೆ ಆ ಹೆಸರು ನಾಲಿಗೆಗೆ ಹೊರಳಲಿಲ್ಲ. ಎರಡನೆಯ ದಿನದಿಂದಲೇ “ಪುಟ್ಟಾ” ಎಂದು ಕರೆಯತೊಡಗಿದರು.

“ಅಮ್ಮಾ, ಹಾಗೆ ಕರೀಬೇಡ. ಅದಕ್ಕೆ ಗೊಂದಲ ಆಗುತ್ತೆ.”

“ಮನೆ ಮಕ್ಕಳಿಗೆ ಎರಡು ಹೆಸರು ಇರಲ್ವೇನೇ? ನಿನಗಿರಲಿಲ್ವೆ?”

ನಿಜವಾದ ಜಗಳ ಊಟದ ಹೊತ್ತಿನದು. ಮನುಷ್ಯರು ತಿನ್ನುವುದೊಂದನ್ನೂ ಈ ಮರಿಗೆ ಕೊಡುವಂತಿಲ್ಲ. ಅಳೆದ ಆಹಾರ, ಹೊತ್ತಿಗೆ ಸರಿಯಾಗಿ, ಅದರ ಬಟ್ಟಲಿನಲ್ಲಿ. ಹಾಸಿಗೆ, ಸೋಫಾ ಹತ್ತುವಂತಿಲ್ಲ. ಕೆಳಗೆ ಬಿದ್ದ ತುಣುಕನ್ನು ಮೂಸುವಂತಿಲ್ಲ. ಒಂದು ಎರಡು ಕೂಡ ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿನಲ್ಲಿ, ಹಗ್ಗದ ಈ ತುದಿ ನಮ್ಮ ಕೈಯಲ್ಲಿದ್ದಾಗಲೇ ಆಗಬೇಕು. ಅಜ್ಜಿ ಮೊಸರನ್ನದ ತಟ್ಟೆ ಹಿಡಿದು ಕೂತರೆ ಮರಿ ಎರಡು ಮಾರು ದೂರದ ಚಾಪೆಯ ಮೇಲೆ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿರುತ್ತಿತ್ತು.

“ಬಾಗಿಲಿಗೆ ಬಂದ ನಾಯಿಗೆ ಒಂದು ತುತ್ತು ಹಾಕದೆ ಉಂಡವಳಲ್ಲ ಕಣೇ ನಾನು. ಮಡಿ ಹೆಂಗಸರನ್ನೂ ಮೀರಿಸಿತಲ್ಲ ಇದರ ನೇಮ!”

“ನಾಳೆ ಇದು ಹೋಟೆಲಿನಲ್ಲಿ ಯಾರದೋ ಕಾಲ ಬಳಿ ಮಲಗಿರಬೇಕು ಅಮ್ಮಾ. ಪಕ್ಕದ ಟೇಬಲ್ಲಿಂದ ಏನೋ ಬಿತ್ತು ಅಂತ ಎದ್ದು ಓಡಿದರೆ ಅವರು ಮುಗ್ಗರಿಸ್ತಾರೆ.”

ಈ ಉತ್ತರ ಅಜ್ಜಿಗೆ ಹಿಡಿಸಿತೋ ಇಲ್ಲವೋ, ಮೊಸರನ್ನ ಮಾತ್ರ ತಟ್ಟೆ ದಾಟಲಿಲ್ಲ.

ಸಾಕುಮನೆಯಿಂದ ಶಾಲೆ ಕೇಳುವುದು ಇಷ್ಟೇ: ಮರಿಗೆ ಲೋಕವೆಲ್ಲ ಮಾಮೂಲಿಯಾಗಬೇಕು. ಬೀದಿ ದಾಟಿಸುವುದನ್ನು, ಅಡ್ಡಿ ಬಳಸುವುದನ್ನು ಆಮೇಲೆ ತರಬೇತುದಾರರು ಕಲಿಸಿಕೊಳ್ಳುತ್ತಾರೆ. ಬೆಚ್ಚದೆ, ಮರುಳಾಗದೆ ನಡೆಯುವ ಗುಣ ಮಾತ್ರ ಬಾಲ್ಯದಲ್ಲೇ ಬರಬೇಕು. ಹಾಗಾಗಿ ಮರಿಯನ್ನು ಕರೆದುಕೊಂಡು ಸುತ್ತುವುದೇ ಒಂದು ಉದ್ಯೋಗ. ರೈಲ್ವೆ ನಿಲ್ದಾಣದಲ್ಲಿ ಹಳಿ ಕಿರುಗುಟ್ಟಿಸಿ ಬರುವ ರೈಲನ್ನು ನೋಡುತ್ತ ಕೂರಬೇಕು. ಫೈರ್ ಸ್ಟೇಶನ್ನಿನಲ್ಲಿ ಹೆಲ್ಮೆಟ್, ಮುಖವಾಡ ತೊಟ್ಟ ದೈತ್ಯ ಆಕೃತಿ ಹತ್ತಿರ ಬಂದರೂ ಬಾಲ ಕಾಲ ಸಂದಿಗೆ ಹೋಗಬಾರದು. ಫುಟ್‌ಪಾತಿನ ಕಬ್ಬಿಣದ ಜಾಲರಿ ನಾಯಿಗಳಿಗೆ ಭಾರಿ ಭಯ. ಕೆಳಗೆ ಖಾಲಿ ಕಾಣುತ್ತದಲ್ಲ. ಮೊದಲು ಅದರ ಪಕ್ಕ, ಆಮೇಲೆ ಒಂದು ಪಾದ, ಆಮೇಲೆ ನಾಲ್ಕೂ. ಬಿಚ್ಚುವ ಕೊಡೆ, ಗಾಲಿಕುರ್ಚಿ, ಜುಲೈ ನಾಲ್ಕರ ಪಟಾಕಿ, ಚಳಿಗಾಲದ ಹಿಮ, ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಪಾದ ಕಚ್ಚುವುದು, ಎಲ್ಲದರ ಪರಿಚಯವಾಗಬೇಕು. ಎಲ್ಲಕ್ಕಿಂತ ಕಠಿಣ ಪರೀಕ್ಷೆ ಅಳಿಲುಗಳದು. ಇಲ್ಲಿನ ಅಳಿಲು ನಮ್ಮ ಮೂರುಗೆರೆಯ ಪುಟಾಣಿಯಲ್ಲ, ಬೆಕ್ಕಿನ ಮರಿಯಷ್ಟು ದಪ್ಪ, ಅಷ್ಟೇ ಉದ್ಧಟ. ಮೂಗಿನ ಮುಂದೆಯೇ ನಿಂತು ಕಾಯಿ ಕಡಿಯುತ್ತದೆ. ಪಾರ್ಕಿನ ಹುಲ್ಲಿನಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು ಬೇರೆ. ಮರಿಯ ಮೈಯೆಲ್ಲ ನಡುಗುತ್ತಿರುತ್ತದೆ, ಕಿವಿ ನಿಮಿರುತ್ತವೆ. ಆದರೂ ಕೂತಿರುತ್ತದೆ. ಹಾಗೆ ಕೂತ ಒಂದು ನಿಮಿಷಕ್ಕೆ ನನ್ನ ಗೆಳತಿಯ ಮುಖ ಅರಳುವುದನ್ನು ನೋಡಬೇಕು. ಮಗಳಿಗೆ ಪಿಯುಸಿಯಲ್ಲಿ ರ‍್ಯಾಂಕ್ ಬಂದಿದ್ದರೂ ಇಷ್ಟು ಬೀಗುತ್ತಿರಲಿಲ್ಲವೇನೋ.

ಅಂಗವಿಕಲರಿಗೆ ನೆರವಾಗುವ ನಾಯಿಗಳೆಲ್ಲ ಹೀಗೇ ಎಂದುಕೊಳ್ಳಬಾರದು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ‘ಕೆನೈನ್ ಕಂಪ್ಯಾನಿಯನ್ಸ್’ ಗಾಲಿಕುರ್ಚಿಯವರಿಗಾಗಿ ಬೆಳೆಸುವ ನಾಯಿ ನೆಲಕ್ಕೆ ಬಿದ್ದ ಬೀಗದ ಕೈಯನ್ನು ಬಾಯಲ್ಲೆತ್ತಿ ಮಡಿಲಿಗಿಡುತ್ತದೆ, ಹಗ್ಗ ಎಳೆದು ಬಾಗಿಲು ತೆಗೆಯುತ್ತದೆ. ಕಿವಿ ಕೇಳದವರ ನಾಯಿ ಬಾಗಿಲ ಗಂಟೆ ಮೊಳಗಿದೊಡನೆ ಬಂದು ಮೊಣಕಾಲು ತಟ್ಟುತ್ತದೆ. ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಮಹಿಳಾ ಸೆರೆಮನೆಯಲ್ಲಿ 1997ರಿಂದ ಕೈದಿಗಳೇ ಮರಿಗಳನ್ನು ಬೆಳೆಸುತ್ತ ಬಂದಿದ್ದಾರೆ. ಅವರ ಕೋಣೆಯಲ್ಲೇ ಮರಿಯ ವಾಸ.

ಮಾರ್ಗದರ್ಶಿ ನಾಯಿಯ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. “ಅಂಚೆ ಕಚೇರಿಗೆ ನಡಿ” ಎಂದರೆ ಅದು ಕರೆದೊಯ್ಯುವುದಿಲ್ಲ. ಸಿಗ್ನಲ್ ದೀಪ ನೋಡುವುದೂ ಅದರ ಕೆಲಸವಲ್ಲ. ಎಷ್ಟು ರಸ್ತೆ ದಾಟಬೇಕು, ಎಲ್ಲಿ ತಿರುಗಬೇಕು ಎಂಬ ನಕಾಶೆ ಮನುಷ್ಯರ ತಲೆಯಲ್ಲಿರುತ್ತದೆ. ವಾಹನಗಳ ಸದ್ದಿಗೆ ಕಿವಿಗೊಟ್ಟು ಈಗ ದಾಟಬಹುದು ಎಂದು ತೀರ್ಮಾನಿಸುವವರೂ ಅವರೇ. ನಾಯಿ ಆ ದಾರಿಯನ್ನು ಸುಗಮ ಮಾಡುತ್ತದೆ: ಫುಟ್‌ಪಾತಿನ ಅಂಚಿಗೆ ನಿಲ್ಲುತ್ತದೆ, ಕಂಬ ಬಳಸುತ್ತದೆ, ತನಗೆ ತಾಗದಿದ್ದರೂ ಅವರ ಹಣೆಗೆ ತಾಗುವ ಕೊಂಬೆಯನ್ನು ನೋಡಿ ಸುತ್ತು ಹಾಕುತ್ತದೆ. ತನ್ನ ಮೈಯಗಲವನ್ನಲ್ಲದೆ ಇಬ್ಬರ ಅಗಲವನ್ನು, ತನ್ನ ಎತ್ತರ ಬಿಟ್ಟು ಅವರ ಎತ್ತರವನ್ನು ಲೆಕ್ಕ ಹಾಕುವುದು ನಾಲ್ಕು ಕಾಲಿನ ಪ್ರಾಣಿಗೆ ಸಣ್ಣ ವಿದ್ಯೆಯೇನಲ್ಲ.

ಕೊನೆಯ ಪಾಠ ಹೇಳಿದ್ದನ್ನು ಕೇಳದಿರುವುದು. ಶಾಲೆಯ ಕಾರೊಂದು ಬೇಕೆಂದೇ ತಿರುವಿನಲ್ಲಿ ಅಡ್ಡ ನುಗ್ಗುತ್ತದೆ. ಈಚಿನ ಬ್ಯಾಟರಿ ಕಾರುಗಳ ಸದ್ದಂತೂ ಬಹಳ ಕಡಿಮೆ, ಕಿವಿಯನ್ನೇ ನಂಬಿದವರಿಗೆ ಹೊಸ ಗಂಡಾಂತರ. “ಫಾರ್ವರ್ಡ್” ಎಂಬ ಆಜ್ಞೆ ಬಂದಿದೆ, ನಾಯಿ ಕದಲುವುದಿಲ್ಲ. ಮತ್ತೆ ಹೇಳಿದರೂ ಇಲ್ಲ. ವರ್ಷವಿಡೀ ವಿಧೇಯತೆ ಕಲಿತ ಪ್ರಾಣಿ ಒಂದೇ ಒಂದು ಸಂದರ್ಭದಲ್ಲಿ ಒಡೆಯನ ಮಾತನ್ನು ಮೀರಬೇಕು, ಮೀರಿದ್ದಕ್ಕೆ ಬೆನ್ನು ತಟ್ಟಿಸಿಕೊಳ್ಳಬೇಕು. ತರಬೇತುದಾರರು ತಾವೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಈ ನಾಯಿಗಳ ಹಿಂದೆ ಊರು ಸುತ್ತಿ ಪರೀಕ್ಷೆ ಮಾಡುತ್ತಾರೆ.

ಊರಿಗೆ ಹೋದಾಗ ಜನ ಕೇಳುತ್ತಾರೆ, ಇಂಥ ನಾಯಿಗಳು ನಮ್ಮ ಬೆಂಗಳೂರಿನಲ್ಲೇಕೆ ಕಾಣುವುದಿಲ್ಲ ಎಂದು. ಬಹುಶಃ ನಾಯಿಯನ್ನು ತರುವುದು ಸುಲಭದ ಭಾಗ. ಚಪ್ಪಡಿ ಕಿತ್ತ, ಸ್ಕೂಟರ್ ನಿಲ್ಲಿಸಿದ, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದ ಫುಟ್‌ಪಾತಿನಲ್ಲಿ ಅದು ಯಾವ ಅಂಚಿಗೆ ನಿಲ್ಲಬೇಕು? ಬೀದಿಗೊಂದು ನಾಯಿಗಳ ಗುಂಪು ಸುತ್ತುವರಿದರೆ ಹಾರ್ನೆಸ್ಸಿನಲ್ಲಿ ಕಟ್ಟಿಬಿದ್ದ ಈ ಸಾಧು ಏನು ಮಾಡಬೇಕು? ಬಿಳಿ ಕೋಲಿನವರೇ ನಮ್ಮಲ್ಲಿ ಗಂಡಾಂತರ ಎದುರಿಸಿ ನಡೆಯುತ್ತಿದ್ದಾರೆ. ಮೊದಲು ಆ ಕೋಲಿಗಾದರೂ ದಾರಿ ಬಿಡೋಣ.

ಮರಿ ಶಾಲೆಗೆ ಮರಳುವಷ್ಟರಲ್ಲಿ ಅಜ್ಜಿ ಊರಿಗೆ ಹೋಗಿದ್ದರು. ವ್ಯಾನು ಬಂದ ದಿನ ಮನೆಯ ಮಕ್ಕಳು ಶಾಲೆಗೆ ರಜೆ ಹಾಕಿದರು, ಅತ್ತರು, ಸಂಜೆ ಪಿಜ್ಜಾ ತಿಂದರು. ಎಲ್ಲ ನಾಯಿಗಳೂ ತೇರ್ಗಡೆಯಾಗುವುದಿಲ್ಲ. ಕೆಲವು ಹಿಂಜರಿಕೆಯಿಂದ, ಕೆಲವು ಆರೋಗ್ಯದ ಕಾರಣದಿಂದ ನಿಲ್ಲುತ್ತವೆ. ಅಂಥ ನಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳಲು ಮೊದಲ ಅವಕಾಶ ಸಾಕಿದವರಿಗೆ. ಮಕ್ಕಳು ದೇವರಿಗೆ ಏನೆಂದು ಹರಕೆ ಹೊತ್ತರೆಂದು ಅವರ ಅಮ್ಮ ಕೇಳಲಿಲ್ಲ.

ತೇರ್ಗಡೆಯಾದರೆ ಸಾಕಿದವರನ್ನು ಶಾಲೆ ಒಮ್ಮೆ ಕರೆಯುತ್ತದೆ. ನಾಯಿ ಮಾರಿಸ್‌ಟೌನಿನ ಬೀದಿಯಲ್ಲಿ ತರಬೇತುದಾರರ ಜೊತೆ ಕೆಲಸ ಮಾಡುತ್ತ ಹೋಗುವುದನ್ನು ದೂರದಿಂದ ಹಿಂಬಾಲಿಸಿ ನೋಡಬಹುದು. ಹತ್ತಿರ ಹೋಗುವಂತಿಲ್ಲ, ಹೆಸರು ಹಿಡಿದು ಕೂಗುವಂತಿಲ್ಲ. ಅಷ್ಟರಲ್ಲಿ ಅಜ್ಜಿ ಎರಡನೆಯ ಸಲ ಬಂದಿದ್ದರು. ಸ್ವೆಟರ್, ಮಫ್ಲರ್, ಸೀರೆಯ ಕೆಳಗೆ ಬಿಳಿ ಶೂ ಹಾಕಿ ಅವರೂ ಹೊರಟರು. ನಾನೂ ಹೋಗಿದ್ದೆ.

ಮೂಲೆಯಾಚೆ ಕಪ್ಪು ನಾಯಿ ಕಾಣಿಸಿತು. ಮೈಕಟ್ಟು ತುಂಬಿತ್ತು, ನಡಿಗೆಯಲ್ಲಿ ಏನೋ ಒಂದು ಕಚೇರಿಯ ಗತ್ತು. ಅಂಚಿಗೆ ನಿಂತಿತು. ದಾಟಿತು. ರಿಪೇರಿಗೆಂದು ಅಗೆದಿದ್ದ ಗುಂಡಿಯ ಬೇಲಿಯನ್ನು ಅಗಲಕ್ಕೆ ಬಳಸಿ ಬಂತು. ಬೇಕರಿಯ ಮುಂದೆ ಯಾರೋ ಬೀಳಿಸಿದ ಬನ್ನಿನ ಚೂರು ಬಿದ್ದಿತ್ತು. ಅಜ್ಜಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾಯಿ ಅದರ ಪಕ್ಕದಲ್ಲೇ ಹಾದು ಹೋಯಿತು. ನಾವು ಎದುರು ಬದಿಯ ಫುಟ್‌ಪಾತಿನಲ್ಲಿ ನಿಂತಿದ್ದೆವು. ಗಾಳಿ ನಮ್ಮಿಂದ ಆ ಕಡೆಗೇ ಬೀಸುತ್ತಿತ್ತು. ಒಂದು ಕ್ಷಣ ಅದರ ಮೂಗು ಮೇಲೆದ್ದಿತು, ಅಷ್ಟೆ. “ಹಪ್-ಅಪ್” ಎಂದಳು ತರಬೇತುದಾರ ಹುಡುಗಿ. ಹೆಜ್ಜೆ ಬಿರುಸಾಯಿತು.

“ಅಷ್ಟು ಮಾಡಿದ್ದಕ್ಕೆ ಒಂದು ಸಲ ಈ ಕಡೆ ತಿರುಗಿಯೂ ನೋಡಲಿಲ್ಲವಲ್ಲೇ” ಅಂದರು ಅಜ್ಜಿ.

“ನೋಡಿದ್ದರೆ ನಪಾಸು ಅಮ್ಮಾ” ಅಂದಳು ಮಗಳು, ಮೂಗು ಒರೆಸಿಕೊಳ್ಳುತ್ತ.