ಬಿಸಿಲು ಏರಿದರೆ ಜ್ವರ ಇಳಿಯುವುದೇ?

ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗುತ್ತಿದ್ದಂತೆ, ಸಂಘಕ್ಕೆ ಅಡಿಕೆ ತರುವ ಸದಸ್ಯರ ಬಾಯಲ್ಲಿ ಒಂದು ಸಮಾಧಾನದ ಮಾತು ಕೇಳಿಬರುವುದುಂಟು. "ಬಿಸಿಲು ಬಂತಲ್ಲ, ಇನ್ನು ರೋಗರುಜಿನ ಕಡಿಮೆ." ಈ ನಂಬಿಕೆ ಎಲ್ಲಿಂದ ಬಂತು ಎಂದು ಬಹಳ ದೂರ ಹುಡುಕಬೇಕಿಲ್ಲ. ಅದರ ಬೇರು ನಮ್ಮ ತೋಟದಲ್ಲಿಯೇ ಇದೆ.

ಜಡಿಮಳೆ ಹಿಡಿದಾಗ ಕೊಳೆರೋಗ ಉಲ್ಬಣಿಸುತ್ತದೆ. ನಾಲ್ಕು ದಿನ ಹೊಳವು ಕೊಟ್ಟರೆ ಹತೋಟಿಗೆ ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದಂದಿನಿಂದ, ಕೊಳೆಗೆ ನೀರೇ ವಾಹನ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಅಡಿಕೆಯ ಕೊಳೆಗೆ ಹೊಂದುವ ಈ ಲೆಕ್ಕವನ್ನು ಮನುಷ್ಯನ ಜ್ವರಕ್ಕೂ ಹಾಕಿದ್ದೇವೆ. ಆದರೆ ಕೊಳೆ ತರುವುದು ಶಿಲೀಂಧ್ರದ ಜಾತಿಯ ಜೀವಿ. ನಾವು ಇಲ್ಲಿ ಹೇಳಹೊರಟಿರುವುದು ವೈರಾಣುವಿನ ವಿಷಯ. ಅದರ ಸ್ವಭಾವವೇ ಬೇರೆ.

ವೈರಾಣು ಸ್ವಂತವಾಗಿ ಬದುಕುವ ಜೀವಿಯಲ್ಲ. ಇನ್ನೊಂದು ಜೀವಕೋಶದ ಒಳಹೊಕ್ಕರೆ ಮಾತ್ರ ಅದು ಹೆಚ್ಚುತ್ತದೆ. ಹೊರಗಿದ್ದಾಗ ಅದು ಚೀಲದಲ್ಲಿಟ್ಟ ಬೀಜದಂತೆ ಕಾದಿರುತ್ತದೆ, ಅಷ್ಟೇ. ಹಾಗೆ ಕಾದಿರುವಾಗ ಬಿಸಿಲು, ಒಣಹವೆ, ಸೋಪಿನ ನೀರು ಅದನ್ನು ಕೆಡಿಸಬಲ್ಲವು. ಒಮ್ಮೆ ಮೈಯೊಳಗೆ ಸೇರಿತೆಂದರೆ ಹೊರಗಿನ ಹವೆಗೆ ಅಲ್ಲಿ ಪ್ರವೇಶವಿಲ್ಲ. ಮಡಿಕೇರಿಯ ಚಳಿಯಲ್ಲಿರುವವನ ಮೈಯೂ ಕಾರವಾರದ ಸೆಕೆಯಲ್ಲಿರುವವನ ಮೈಯೂ ಒಂದೇ ಬಿಸಿ, 37 ಡಿಗ್ರಿ. ಆದುದರಿಂದ ಕೇಳಬೇಕಾದ ಪ್ರಶ್ನೆಯೆಂದರೆ, ವೈರಾಣು ಒಂದು ಮೈಯಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿಯನ್ನು ಋತುಮಾನ ಏನು ಮಾಡುತ್ತದೆ ಎಂಬುದು.

ಕೊರೋನಾ ಕಾಲದಲ್ಲಿ ಇಡೀ ದೇಶ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 2020ರ ಮಾರ್ಚ್ ತಿಂಗಳಲ್ಲಿ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಸುಟ್ಟುಹೋಗುತ್ತದೆಂದು ಓದಿದವರೂ ಹೇಳುತ್ತಿದ್ದರು. ನೇರ ಬಿಸಿಲು ಬಿದ್ದ ಕಡೆ ಆ ವೈರಾಣು ಕೆಲವೇ ನಿಮಿಷಗಳಲ್ಲಿ ಶಕ್ತಿಗುಂದುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದ ಸತ್ಯವೇ. ಆದರೆ ಒಂದೇ ಕೋಣೆಯಲ್ಲಿ ಕುಳಿತ ಇಬ್ಬರ ನಡುವೆ, ಒಬ್ಬರ ಉಸಿರು ಇನ್ನೊಬ್ಬರ ಮೂಗಿಗೆ ತಲುಪುವ ಕ್ಷಣದಲ್ಲಿ, ಬಿಸಿಲು ಎಲ್ಲಿರುತ್ತದೆ? ಮೊದಲ ಅಲೆ 2020ರ ಸೆಪ್ಟೆಂಬರ್‌ನಲ್ಲಿ, ಮಳೆಗಾಲದ ಕೊನೆಗೆ ತುತ್ತತುದಿ ಮುಟ್ಟಿತು. ಎರಡನೆಯದು 2021ರ ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ ಬಂತು. ಮೇ ಮೊದಲ ವಾರ ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ಸೋಂಕು ದಾಖಲಾಯಿತು. ಮೂರನೆಯದು 2022ರ ಜನವರಿಯ ಚಳಿಯಲ್ಲಿ. ಮೂರು ಅಲೆಗೆ ಮೂರು ಕಾಲ. ಭೂಮಧ್ಯರೇಖೆಯ ಹತ್ತಿರವಿರುವ, ಚಳಿಗಾಲವೆಂಬುದನ್ನೇ ಅರಿಯದ ಬ್ರೆಜಿಲ್ ದೇಶದ ಮನಾವುಸ್ ನಗರವೂ ಎರಡು ಸಲ ತತ್ತರಿಸಿತು. ಯಾರ ಮೈಯಲ್ಲಿಯೂ ಪ್ರತಿರೋಧ ಶಕ್ತಿ ಇಲ್ಲದ ಹೊಸ ರೋಗದ ಮುಂದೆ ಹವೆಯ ಪ್ರಭಾವ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದಾಯಿತು.

ಹಾಗೆಂದು ಹವೆಗೂ ವೈರಾಣುವಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಫ್ಲೂ ಜ್ವರವನ್ನು ತೆಗೆದುಕೊಳ್ಳಿ. ನ್ಯೂಯಾರ್ಕಿನ ವಿಜ್ಞಾನಿಗಳು 2007ರಲ್ಲಿ ಗಿನಿಪಿಗ್ ಎಂಬ ಪ್ರಾಣಿಗಳನ್ನು ಅಕ್ಕಪಕ್ಕದ ಪಂಜರಗಳಲ್ಲಿಟ್ಟು ಪ್ರಯೋಗ ಮಾಡಿದರು. 5 ಡಿಗ್ರಿ ಚಳಿಯಲ್ಲಿ, ಒಣ ಗಾಳಿಯಲ್ಲಿ ಜ್ವರ ಸಲೀಸಾಗಿ ಹಬ್ಬಿತು. 30 ಡಿಗ್ರಿಯಲ್ಲಿ ಗಾಳಿಯ ಮೂಲಕ ಹಬ್ಬಲೇ ಇಲ್ಲ. ಇದನ್ನಷ್ಟೇ ಓದಿದವರು ಬಿಸಿಲೇ ಮದ್ದು ಎಂದಾರು. ಆದರೆ ನಮ್ಮ ದೇಶದಲ್ಲಿ ಶ್ರೀನಗರದಂಥ ಊರಿನಲ್ಲಿ ಮಾತ್ರ ಫ್ಲೂ ಚಳಿಗಾಲದ ರೋಗ. ಉಳಿದ ಹೆಚ್ಚಿನ ಕಡೆ ಅದು ಜೋರಾಗುವುದು ಮಳೆಗಾಲದಲ್ಲಿ. 2009ರಲ್ಲಿ ಹಂದಿಜ್ವರವೆಂದು ಹೆಸರಾದ ಎಚ್1ಎನ್1 ಪುಣೆಯನ್ನು ನಡುಗಿಸಿದ್ದೂ ಆಗಸ್ಟ್ ತಿಂಗಳಲ್ಲಿಯೇ. ಸಿಡುಬಿನ ರೀತಿ ಇದಕ್ಕೆ ತಿರುಗುಮುರುಗು. ಅದು ಒಣ ತಿಂಗಳುಗಳಲ್ಲಿ ಏರಿ ಮಳೆಗಾಲದಲ್ಲಿ ಇಳಿಯುತ್ತಿತ್ತು. ಬಂಗಾಳದಲ್ಲಿ ಅದಕ್ಕೆ ವಸಂತದ ಹೆಸರನ್ನೇ ಇಟ್ಟಿದ್ದರು. ಆ ಇಳಿಗಾಲವನ್ನೇ ಸಮಯವೆಂದು ಹಿಡಿದು ಲಸಿಕೆಯವರು ದುಡಿದದ್ದರಿಂದ 1975ರಲ್ಲಿ ಅದು ನಮ್ಮ ದೇಶದಿಂದ ತೊಲಗಿತು.

ಇಷ್ಟು ಪೀಠಿಕೆ ಹಾಕಿದ್ದಕ್ಕೆ ಕಾರಣವಿದೆ. "ಬಿಸಿಲು ಬಂದರೆ ಇಳಿಯುತ್ತದೆ" ಎಂಬ ಮಾತು ಕೊರೋನಾ ವಿಷಯದಲ್ಲಿ ಹುಸಿಯಾಯಿತು, ಫ್ಲೂ ವಿಷಯದಲ್ಲಿ ಅರ್ಧ ನಿಜ. ಮಲೆನಾಡಿನ ನಮ್ಮದೇ ಆದ ಒಂದು ರೋಗದ ವಿಷಯದಲ್ಲಿ ಅದು ಪೂರ್ತಿ ತಲೆಕೆಳಗು, ಮತ್ತು ಜೀವಕ್ಕೆ ಅಪಾಯ. ಅದು ಮಂಗನ ಕಾಯಿಲೆ.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು; ಸುತ್ತಣ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಆ ರೋಗ ಇಂಡಿಯಾಕ್ಕೆ ಬಂದೇಬಿಟ್ಟಿತೋ ಎಂದು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಟಿ. ರಾಮಚಂದ್ರ ರಾವ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಕಾಡು ಸುತ್ತಿ, ರಕ್ತ ಪರೀಕ್ಷಿಸಿ, ಇದು ಹೊಸ ವೈರಾಣುವೆಂದೂ ಹರಡುವುದು ಉಣುಗಿನಿಂದ ಎಂದೂ ಕಂಡುಹಿಡಿದರು. ಅದರ ಹತ್ತಿರದ ನೆಂಟ ರಷ್ಯಾದಲ್ಲಿತ್ತು. ಅಲ್ಲಿ 1937ರಲ್ಲಿ ಗುರುತಿಸಿದ ಆ ರೋಗದ ಹೆಸರೇ ವಸಂತ-ಬೇಸಿಗೆಯ ಮಿದುಳುಜ್ವರ. ಹಿಮ ಕರಗಿ ಉಣುಗು ಎದ್ದ ಮೇಲೆಯೇ ಅದು ಕಾಣಿಸಿಕೊಳ್ಳುತ್ತಿತ್ತು. ಇಂಥ ಮನೆತನದ ರೋಗ ಬಿಸಿಲಿಗೆ ಅಂಜುವುದೆಂದು ನಾವು ನಿರೀಕ್ಷಿಸುವುದು ಹೇಗೆ?

ಹೆಸರು ಮಂಗನದಾದರೂ ಮಂಗ ಇಲ್ಲಿ ನಮ್ಮಂತೆಯೇ ರೋಗಿ. ಉಣುಗು ಕಚ್ಚಿ ಅದಕ್ಕೂ ಜ್ವರ ಬರುತ್ತದೆ, ಸಾಯುತ್ತದೆ. ತೋಟದಲ್ಲಿ ಮಂಗನ ಕಾಟ ಅನುಭವಿಸಿದವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೂ ನಿಜ ಅದು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಅಲ್ಲಿಯೇ ಕೆಳಗುದುರಿ, ಆ ಜಾಗ ಅಪಾಯದ ಮಡುವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಅಂಟುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ರೋಗಿಯ ಆರೈಕೆಗೆ ಹೆದರಿ ದೂರ ನಿಲ್ಲುವ ಅಗತ್ಯವಿಲ್ಲ.

ಇನ್ನು ಉಣುಗಿನ ಪಂಚಾಂಗವನ್ನು ನೋಡೋಣ. ಬೆಳೆದ ಉಣುಗು ಮಳೆಗಾಲದಲ್ಲಿ ದನಕರುಗಳ ಮೈಗೆ ಹತ್ತಿ ರಕ್ತ ಕುಡಿದು, ನೆಲಕ್ಕೆ ಬಿದ್ದು ರಾಶಿ ಮೊಟ್ಟೆ ಇಡುತ್ತದೆ. ಮಳೆ ಹಿಂದೆಗೆದ ಮೇಲೆ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಆ ರಕ್ತದಲ್ಲಿ ವೈರಾಣು ಇದ್ದರೆ ಅದು ಉಣುಗಿನ ಮೈಯಲ್ಲಿ ಉಳಿದುಕೊಳ್ಳುತ್ತದೆ. ಮರಿ ಪೊರೆ ಕಳಚಿ ಎಳೆ ಉಣುಗಾಗುತ್ತದೆ. ಗಸಗಸೆ ಕಾಳಿನಷ್ಟಿರುವ ಈ ಎಳೆ ಉಣುಗೇ ಮನುಷ್ಯನಿಗೆ ಶತ್ರು. ನವೆಂಬರ್-ಡಿಸೆಂಬರ್‌ನಿಂದ ಮೇವರೆಗೆ ಅದು ಒಣಗಿದ ಎಲೆಗಳ ನಡುವೆ, ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ರೋಗ ಜೋರಾಗುವುದು ಇದೇ ಕಾರಣಕ್ಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹೂಮಳೆ ಬಿದ್ದಾಕ್ಷಣ ಅಪಾಯ ಕಳೆಯಿತೆಂದು ಮಾತ್ರ ತಿಳಿಯಬಾರದು.

ಈಗ ಈ ಪಂಚಾಂಗದ ಪಕ್ಕದಲ್ಲಿ ನಮ್ಮ ಕೆಲಸದ ಪಂಚಾಂಗವನ್ನು ಇಟ್ಟು ನೋಡಿ. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವುದು ಯಾವಾಗ? ಎಲೆ ಉದುರುವ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ. ಕೊಟ್ಟಿಗೆಗೆ ಹಾಸಲು, ಗೊಬ್ಬರದ ಗುಂಡಿಗೆ ಹಾಕಲು, ಮಳೆಗಾಲದ ಕಟ್ಟಿಗೆ ಕೂಡಿಡಲು ಕಾಡಿಗೆ ಹೋಗುವುದೂ ಆಗಲೇ. ಕಾಫಿ ಕೊಯ್ಲು ನಡೆಯುವುದೂ ಆ ತಿಂಗಳುಗಳಲ್ಲಿಯೇ. ಎಳೆ ಉಣುಗು ತರಗೆಲೆಯಲ್ಲಿ ತುಂಬಿರುವ ಹೊತ್ತಿಗೆ ಸರಿಯಾಗಿ ನಾವು ಆ ತರಗೆಲೆಯನ್ನು ತೋಳು ತುಂಬ ಬಾಚಿ, ಹೊರೆ ಕಟ್ಟಿ, ತಲೆಯ ಮೇಲಿಟ್ಟು ಮನೆಗೆ ತರುತ್ತೇವೆ. ನಮ್ಮ ಎಣಿಕೆಯಲ್ಲಿ ಈ ರೋಗ ಅಡಿಕೆ ಸೀಮೆಯನ್ನು ಬಿಡದೆ ಕಾಡುವುದಕ್ಕೆ ಈ ಕಾಲಮೇಳ ದೊಡ್ಡ ಕಾರಣ.

ಕಾಡು ಮತ್ತು ಕೃಷಿ ತಾಗುವ ಕಡೆಯೇ ಇದು ಹೊತ್ತಿಕೊಳ್ಳುವುದೆಂಬುದಕ್ಕೆ ಹಳೆಯ ದಾಖಲೆಗಳಿವೆ. 1982-84ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಡೆ ಕಾಡು ಕಡಿದು ಗೇರು ನೆಟ್ಟ ಪ್ರದೇಶದ ಸುತ್ತ ಭೀಕರವಾಗಿ ಹಬ್ಬಿತು. ಬಹುಕಾಲ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರಿನ ರೋಗವೆನಿಸಿದ್ದುದು 2012ರಲ್ಲಿ ಬಂಡೀಪುರದಲ್ಲಿ, ಆಮೇಲೆ ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿತು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡನ್ನು ಮಲೆನಾಡಿನವರು ಮರೆತಿಲ್ಲ. 2024ರಲ್ಲಿ ಸಿದ್ಧಾಪುರ, ಕೊಪ್ಪ ತಾಲ್ಲೂಕುಗಳ ಸರದಿಯಾಯಿತು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ವಿಪರೀತ ತಲೆನೋವು, ಸೊಂಟ-ಕೈಕಾಲು ನೋವು, ಕೆಂಪಗಾದ ಕಣ್ಣು, ವಾಂತಿ-ಭೇದಿ. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ. ವಾಸಿಯಾಯಿತು ಎನ್ನುವಷ್ಟರಲ್ಲಿ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬಂದು ಮಿದುಳಿಗೆ ತಾಗುವುದೂ ಉಂಟು. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೇ ಎಂದು ಔಷಧ ಇಲ್ಲ. ಬೇಗ ಆಸ್ಪತ್ರೆ ಸೇರಿ ಮೈಯಲ್ಲಿ ನೀರಿನಂಶ, ರಕ್ತದೊತ್ತಡ ಕಾಯ್ದುಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ಅಂಗಡಿಯಲ್ಲಿ ಸಿಕ್ಕ ನೋವಿನ ಮಾತ್ರೆ ನುಂಗಿ ಕಾಯುವುದು ತರವಲ್ಲ; ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ವೈದ್ಯರ ಮುಂದೆ "ಜ್ವರ" ಎಂದಷ್ಟೇ ಹೇಳದೆ "ದರಕಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು" ಎಂದೂ ಹೇಳಿ. ರಕ್ತ ಪರೀಕ್ಷೆಗೆ ಹೋಗುವುದು ಆ ಒಂದು ಮಾತಿನ ಮೇಲೆ.

1990ರಿಂದ ಕೊಡುತ್ತಿದ್ದ ಲಸಿಕೆಯನ್ನು ನಂಬಿದವರು ಇನ್ನೂ ಇದ್ದಾರೆ. ಅದರ ಪೂರೈಕೆ 2022ರಲ್ಲಿಯೇ ನಿಂತಿತು. ಇದ್ದಾಗಲೂ, 2005ರಿಂದ 2010ರವರೆಗಿನ ಲೆಕ್ಕದಂತೆ, ಎರಡು ಚುಚ್ಚುಮದ್ದಿಗೆ ಸುಮಾರು ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡಾ 83ರಷ್ಟು ರಕ್ಷಣೆ. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ನಿಮ್ಮ ಆರೋಗ್ಯ ಕೇಂದ್ರಕ್ಕೆ ಬರುವವರೆಗೆ ಮೈಗೆ ಉಣುಗು ಹತ್ತದಂತೆ ನೋಡಿಕೊಳ್ಳುವುದೊಂದೇ ದಾರಿ.

ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕಾಡಿಗೆ ಹೋಗುವ ಮುನ್ನ ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಬೆವರಿಗೆ ಅದು ತೊಳೆದುಹೋಗುವುದರಿಂದ ಮಧ್ಯಾಹ್ನ ಮತ್ತೊಮ್ಮೆ. ತುಂಬುತೋಳಿನ ಅಂಗಿ, ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸಿ ಬೂಟು. ಸೆಕೆಯಲ್ಲಿ ಇದು ಹಿಂಸೆಯೆಂಬುದು ನಮಗೂ ಗೊತ್ತು. ಬುತ್ತಿ ಉಣ್ಣಲು ತರಗೆಲೆಯ ಮೇಲೆ ಕೂರಬಾರದು. ಮನೆಗೆ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಕಂಕುಳು, ಸೊಂಟ, ಮಂಡಿಯ ಹಿಂಭಾಗ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಚಿವುಟಿ ಹಿಸುಕಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಕಡೆಯ ದರಕು ಆ ವರ್ಷ ಬೇಡ. ಸಾಧ್ಯವಾದವರು ಬೇಸಿಗೆಯ ಆ ಮೂರು ತಿಂಗಳು ಕೊಟ್ಟಿಗೆಗೆ ತೋಟದ ಸೋಗೆ ಕೊಚ್ಚಿ ಹಾಕಬಹುದು, ಹುಲ್ಲು ಹಾಸಬಹುದು. ಮಳೆಗಾಲದಲ್ಲಿ ಕಾಡಿನಿಂದ ಬಂದ ದನಗಳ ಕಿವಿ, ಕೆಚ್ಚಲು ನೋಡಿ ಪಶುವೈದ್ಯರು ಹೇಳಿದ ಉಣುಗಿನ ಔಷಧ ಹಚ್ಚಿದರೆ ಮುಂದಿನ ಬೇಸಿಗೆಯ ಮೊಟ್ಟೆ ಅಷ್ಟು ಕಡಿಮೆ.

ಇನ್ನೊಂದು ವಿಷಯ, ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ. ನಮ್ಮ ಬಹಳಷ್ಟು ಮನೆಗಳಲ್ಲಿ ಈಗ ದರಕು ಗುಡಿಸುವವರು ಯಜಮಾನರಲ್ಲ, ಕೂಲಿಗೆ ಬರುವ ಹೆಂಗಸರು. ಎಣ್ಣೆಯ ಬಾಟಲಿ ಯಜಮಾನರ ಜಗಲಿಯ ಗೂಡಿನಲ್ಲಿರುತ್ತದೆ, ಬರಿಗಾಲು ಬೆಟ್ಟದಲ್ಲಿರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಕಳಿಸುವ ಮುಂಚೆ ಎಣ್ಣೆ ಅವರ ಕೈಗೆ ಬರಲಿ, ಬೂಟಿನ ಖರ್ಚು ತೋಟದ ಖರ್ಚಿಗೆ ಸೇರಲಿ. ಜ್ವರವೆಂದು ಹೇಳಿದವರ ಆ ವಾರದ ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆಂಬ ಹೆದರಿಕೆಗೆ ಜ್ವರ ಮುಚ್ಚಿಟ್ಟು ನಾಲ್ಕನೆಯ ದಿನ ಆಸ್ಪತ್ರೆಗೆ ಹೊತ್ತೊಯ್ಯುವಂತಾದರೆ, ಕಾಪಾಡುವ ಕಾಲ ಅಷ್ಟರಲ್ಲಿ ಅರ್ಧ ಕಳೆದಿರುತ್ತದೆ.